ಸೋರಿಕೆಯ ಜಾಯಿಂಟು

ಅವಳನ್ನು ಸೋರಿಕೆ ಎಂದು ಮೊದಲು ಕರೆದವನು ನಾನೇ. ಆಗ ನಮಗೆಲ್ಲ ಹತ್ತೊಂಬತ್ತೋ ಇಪ್ಪತ್ತೋ. ನಲ್ಲಿ ಕೆಲಸ ಕಲಿಸುವ ಶಾಲೆಯಲ್ಲಿ ಓದುತ್ತಿದ್ದೆವು. ಅವಳು ಕೂಡಿಸಿದ ಪೈಪಿಗೆ ನೀರು ಬಿಟ್ಟರೆ ಸಾಕು, ಕೂಡಿಸಿದ ಜಾಗದಿಂದ ಒಂದು ಹನಿ ಇಣುಕುತ್ತಿತ್ತು. ಎಷ್ಟು ಸೆಣಬು ಸುತ್ತಲಿ, ಎಷ್ಟು ಬಣ್ಣ ಮೆತ್ತಲಿ, ಆ ಹನಿ ಬರುವುದು ಬಂದೇ ಬರುತ್ತಿತ್ತು. ನಾನಿಟ್ಟ ಹೆಸರು ಕೇಳಿ ಅವಳೇನೂ ಮುಖ ಊದಿಸಿಕೊಳ್ಳಲಿಲ್ಲ. "ಹಾಗಾದ್ರೆ ನೀನು ಬಾಲ" ಎಂದಳು, ಅಷ್ಟೆ. ತರಗತಿಗೆ ನಾನೇ ಮೊದಲು, ಸದಾ ಮೇಷ್ಟ್ರ ಹಿಂದೆಯೇ ಸುತ್ತುತ್ತಿದ್ದೆ. ಹೆಸರು ನನಗೆ ಹೇಳಿ ಮಾಡಿಸಿದಂತಿತ್ತು. ಇವತ್ತಿಗೂ ನನ್ನ ಪೈಪಿನ ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ, "ಬಾಲ, ಅರ್ಧ ಇಂಚಿನ ಎಲ್ಬೋ ನಾಲ್ಕು ಕೊಡು" ಅನ್ನುತ್ತಾಳೆ. ತಲೆ ನರೆತ ನಾನು ತೆಪ್ಪಗೆ ಎದ್ದು ಕೊಡುತ್ತೇನೆ.

ಊರಿನ ಅರ್ಧದಷ್ಟು ಅಡುಗೆಮನೆಗಳ ನಲ್ಲಿ ಈಗ ಅವಳ ಕೈಯದೇ. ಶುರುವಿನಲ್ಲಿ ಯಾರೂ ಒಳಗೆ ಬಿಡುತ್ತಿರಲಿಲ್ಲ. ಬಾಗಿಲು ತೆರೆದವರು ಅವಳ ಭುಜದ ಮೇಲಿಂದ ಹಿಂದೆ ಇಣುಕಿ, "ಕೆಲಸದವರು ಎಲ್ಲಮ್ಮಾ?" ಎಂದು ಕೇಳುತ್ತಿದ್ದರು. "ಬಂದಿದ್ದಾರೆ, ಚಪ್ಪಲಿ ಬಿಡ್ತಿದ್ದಾರೆ" ಎಂದು ತನ್ನ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳು. ಕೆಲಸ ಮುಗಿದ ಮೇಲೆ ನಲ್ಲಿಯ ಕೆಳಗೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಾಸಿ, ಅದರ ಎದುರು ಕಾಲು ಮಡಚಿ ಕೂತು, ಕಾಲು ಗಂಟೆ ಕಾಯುತ್ತಾಳೆ. ಹಾಳೆಯ ಮೇಲೆ ಒಂದು ಕಲೆ ಬಿದ್ದರೂ ಇಡೀ ಕೆಲಸ ಬಿಚ್ಚಿ ಮತ್ತೆ ಮಾಡುತ್ತಾಳೆ. ಹಾಗೆ ಕೂತಿರುವಾಗ ಮನೆಯವರು ಮಾತಾಡಿಸಿದರೂ ಉತ್ತರವಿಲ್ಲ. ಅವಳ ಗಂಡ ಬಸ್ ಡ್ರೈವರು. "ಇವಳ ಜೊತೆ ಜಗಳ ಆಡ್ಬೇಕು ಅಂದ್ರೆ ಪೇಪರ್ ನೋಡಿ ಮುಗಿಸೋ ತನಕ ಕಾಯ್ಬೇಕು" ಎಂದು ದೂರುತ್ತಾನೆ.

ತನ್ನ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಇದಿಷ್ಟೇ ಎಂದು ಅವಳು ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ನಾನು ಈ ಸಾಲು ಬರೆಯಲು ಬದುಕಿರುವುದೇ ಅವಳ ಒಂದು ಕೆಟ್ಟ ಕೆಲಸದಿಂದ.

ನಮ್ಮ ಶಾಲೆ ಮೂರು ಮಹಡಿಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಒಂದು ದಪ್ಪ ಗೋಡೆ. ಅದರ ತುಂಬ ಕಲಿಯುವವರು ಕೂಡಿಸಿದ ಕಬ್ಬಿಣದ ಪೈಪುಗಳು. ಪಕ್ಕದ ಕೋಣೆಯ ಅಟ್ಟದ ಮೇಲೊಂದು ಟ್ಯಾಂಕು, ಅದರಿಂದ ಗೋಡೆಗೆ ನೀರು ಬರುತ್ತಿತ್ತು. ಪರೀಕ್ಷೆಗೆ ಒಂದು ದಿನ ಇದೆ ಎನ್ನುವಾಗ ಮೇಷ್ಟ್ರು ಎಲ್ಲರ ಪೈಪು ಸವರಿ ನೋಡಿದರು. ಸೋರಿಕೆಯ ಜಾಯಿಂಟಿನ ಕೆಳಗೆ ಅವರ ಬೆರಳು ಒದ್ದೆಯಾಯಿತು.

"ನಾಳೆಯೊಳಗೆ ಇದು ನಿಲ್ದಿದ್ರೆ ಪಾಸಿಲ್ಲಮ್ಮ" ಎಂದರು. ನನ್ನ ಕಡೆ ತಿರುಗಿ, "ನೀನೇ ಒಂದು ಸುತ್ತು ಬಿಗಿ ಮಾಡಿಕೊಡೋ" ಎಂದರು.

ನಾನು ಪಾನಾ ಎತ್ತಿಕೊಂಡೆ. ಅವಳು ಅಡ್ಡ ನಿಂತಳು. "ಮುಟ್ಟಬೇಡ. ನಾನು ಫೇಲಾದ್ರೂ ನಂದೇ, ಪಾಸಾದ್ರೂ ನಂದೇ."

ನಾನು ಭುಜ ಕುಣಿಸಿ ಪಾನಾವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡೆ. ಅವಳ ಹಟಕ್ಕೆ ನಾನು ಮೊದಲ ಸಲ ಋಣಿಯಾದದ್ದು ಆಗಲೇ. ಅದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ನಾಲ್ವರು ಬೇಗ ಬಂದಿದ್ದೆವು. ಸೋರಿಕೆ, ನಾನು, ಎಲ್ಲರಿಗಿಂತ ಚಿಕ್ಕವಳಾದ ಪುಟ್ಟಿ, ಮತ್ತೆ ಕಂಬ. ಕಂಬ ಎಷ್ಟು ಎತ್ತರ ಎಂದರೆ ದಿನಾ ಬಾಗಿಲಿಗೆ ತಲೆ ಹೊಡೆಸಿಕೊಂಡು ಸಾಕಾಗಿ ಹೆಲ್ಮೆಟ್ ಹಾಕಿಕೊಂಡೇ ಇರುತ್ತಿದ್ದ. ಮೇಷ್ಟ್ರು ಗೇಟಿನ ಹತ್ತಿರ ಸಾಮಾನು ಇಳಿಸಿಕೊಳ್ಳಲು ಹೋಗಿದ್ದರು. ಆಗ ಭೂಮಿ ನಡುಗಿತು. ಮೊದಲು ಪೆಟ್ಟಿಗೆಯೊಳಗಿನ ಸಾಮಾನೆಲ್ಲ ಒಟ್ಟಿಗೆ ಗಲಗಲ ಎಂದಿತು. ಯಾರು ಅಲ್ಲಾಡಿಸುತ್ತಿದ್ದಾರೆ ಎಂದು ಬೈಯಲು ನಾನು ತಿರುಗುವಷ್ಟರಲ್ಲಿ ಚಾವಣಿ ಇಳಿದು ಬಂತು.

ಚಾವಣಿ ಓರೆಯಾಗಿ ಬಿದ್ದು ಆ ದಪ್ಪ ಗೋಡೆಗೆ ಒರಗಿ ನಿಂತಿತ್ತು. ಅದರ ಕೆಳಗೆ, ಮೊಣಕಾಲೂರಿ ಕೂರಲು ಮಾತ್ರ ಆಗುವಷ್ಟು ಜಾಗದಲ್ಲಿ ನಾವು ನಾಲ್ವರು. ಕಗ್ಗತ್ತಲು. ಕಂಬನ ಒಂದು ಪಾದ ತೊಲೆಯ ಕೆಳಗೆ ಸಿಕ್ಕಿತ್ತು. ಪುಟ್ಟಿ ಅಮ್ಮಾ ಅಮ್ಮಾ ಎಂದು ಅಳುತ್ತಿದ್ದಳು. ಮೇಲಿನ ಮಹಡಿಯಲ್ಲಿ ಹೊಲಿಗೆ ತರಗತಿ ನಡೆಯುತ್ತಿತ್ತು. ಅಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಅದು ನಮಗೆ ತಿಳಿದದ್ದು ಹೊರಗೆ ಬಂದ ಮೇಲೆ. ದಿನಾ ಮೆಟ್ಟಿಲಲ್ಲಿ ಎದುರಾಗಿ ನಗುತ್ತಿದ್ದವರು ಅವರು.

ಕೂಗಿ ಕೂಗಿ ಗಂಟಲು ಒಣಗಿದಾಗ ಸೋರಿಕೆ, "ಸ್ವಲ್ಪ ಸುಮ್ನಿರಿ" ಎಂದಳು. ಸುಮ್ಮನಾದೆವು. ಟಪ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಪ್ ಎಂದಿತು.

"ನಂದು" ಎಂದಳು ಅವಳು. ಕತ್ತಲಲ್ಲೂ ಆ ಧ್ವನಿಯಲ್ಲಿ ಹೆಮ್ಮೆ ಕೇಳಿಸಿತು.

ನನ್ನ ಪೈಪೂ ಅದೇ ಗೋಡೆಯಲ್ಲಿತ್ತು. ನಾನು ಕೂಡಿಸಿದ್ದು, ಒಂದು ತೊಟ್ಟೂ ಹೊರಗೆ ಬಿಡದಂಥದ್ದು. ಮೇಷ್ಟ್ರು ಹೊಗಳಿದ ಆ ಜಾಯಿಂಟಿನ ಕೆಳಗೆ ನಾವು ಕೂತಿದ್ದರೆ ಬಾಯಾರಿ ಸಾಯುತ್ತಿದ್ದೆವು.

ಅವಳು ಕಂಬನ ಹೆಲ್ಮೆಟ್ ಇಸಿದುಕೊಂಡು ಹನಿಯ ಕೆಳಗಿಟ್ಟಳು. ಪೈಪಿನ ಬಾಯಿಗೆ ಹಾಕುವ ಕ್ಯಾಪೊಂದು ಪುಟ್ಟಿಯ ಜೇಬಿನಲ್ಲಿತ್ತು. ಅದೇ ನಮ್ಮ ಲೋಟವಾಯಿತು. ಹೆಲ್ಮೆಟ್ಟಿನ ಪಕ್ಕ ಸೋರಿಕೆ, ಅವಳ ಮಡಿಲಲ್ಲಿ ತಲೆಯಿಟ್ಟು ಪುಟ್ಟಿ, ಮಧ್ಯದಲ್ಲಿ ಕಂಬ, ಅವನ ಆಚೆಗೆ ನಾನು. ವಿಪರೀತ ಚಳಿ. ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದೆವು. ಸೋರಿಕೆ ಕ್ಯಾಪಿನಲ್ಲಿ ನೀರು ತುಂಬಿ, ಬೆರಳು ಅದ್ದಿ ಅಳತೆ ನೋಡಿ ಕೊಡುತ್ತಿದ್ದಳು. ನನ್ನ ಪಾಲು ಕಂಬನ ಕೈ ದಾಟಿ ಬರಬೇಕಿತ್ತು. ಕುಡಿದವರು "ಆಯ್ತು" ಅನ್ನಬೇಕು, ಆಮೇಲೆ ಮುಂದಿನವರು. ಅವಳದು ಕೊನೆಯದು.

"ಇಷ್ಟೇ ಯಾಕೆ? ನನ್ನ ಹತ್ರ ಪಾನಾ ಇದೆ, ಜಾಯಿಂಟು ಸ್ವಲ್ಪ ಸಡಿಲ ಮಾಡೋಣ. ಹೊಟ್ಟೆ ತುಂಬ ಕುಡೀಬಹುದು" ಎಂದೆ ನಾನು.

"ಟ್ಯಾಂಕಲ್ಲಿ ಎಷ್ಟಿದೆ ಗೊತ್ತಾ ನಿಂಗೆ?"

"ಇಲ್ಲ."

"ನಂಗೂ ಗೊತ್ತಿಲ್ಲ. ಹನಿ ಬಿದ್ದಷ್ಟು ಬೀಳ್ಲಿ. ಕಂಬನಿಗೆ ಮೈ ಸುಡ್ತಿದೆ, ಅವನಿಗೆ ನಾಳೆನೂ ನೀರು ಬೇಕು, ನಾಡಿದ್ದೂ ಬೇಕು."

ಮಾತು ಅಲ್ಲಿಗೆ ಮುಗಿಯಿತು. ನಮಗೆ ಇದ್ದದ್ದು ಒಂದೇ ಲೆಕ್ಕ. ಯಾರಾದರೂ ಬಂದು ಅಗೆಯುವ ತನಕ ನೀರು ಉಳಿಯಬೇಕು, ಕಂಬನೂ ಉಳಿಯಬೇಕು.

ಇನ್ನು ನನ್ನ ವಿಷಯ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಎರಡನೆಯ ದಿನ ಇರಬೇಕು. ಎಲ್ಲರೂ ನಿದ್ದೆಹೋಗಿದ್ದಾರೆ ಅನ್ನಿಸಿತು. ನನಗೆ ಬಾಯಾರಿಕೆ ಬಿಟ್ಟು ಬೇರೆ ಏನೂ ಇರಲಿಲ್ಲ, ಗೆಳೆಯರೂ ಇರಲಿಲ್ಲ. ಕಾಲು ಸುತ್ತು ಸಡಿಲ ಮಾಡಿ, ಬಾಯಿ ಒಡ್ಡಿ ಕುಡಿದು, ಮತ್ತೆ ಬಿಗಿ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ತರಗತಿಗೆ ಮೊದಲಿಗನಲ್ಲವೇ ನಾನು? ತೆವಳಿಕೊಂಡು ಹೋಗಿ ಪಾನಾ ಹಾಕಿ ತಿರುಗಿಸಿದೆ. ಅವಳು ಪೈಪಿನ ಮರೆ, ಅಂದರೆ ತಿರುಪಿನ ಸುತ್ತುಗಳನ್ನು, ಓರೆಯಾಗಿ ಕೂಡಿಸಿದ್ದಳು. ತಿರುಗಿಸಿದ್ದೇ ತಡ, ಜಾಯಿಂಟು ಪೂರ್ತಿ ಕಳಚಿತು. ನೀರು ಮುಖಕ್ಕೆ ರಾಚಿತು. ಹೆಲ್ಮೆಟ್ ಉರುಳಿತು. ಎರಡೂ ಕೈಯಿಂದ ಒತ್ತಿ ಹಿಡಿದೆ, ನಿಲ್ಲಲಿಲ್ಲ. ನನ್ನ ಎಲ್ಲ ವಿದ್ಯೆ ಬೆರಳ ಸಂದಿಯಿಂದ ಹರಿದು ಹೋಗುತ್ತಿತ್ತು.

ಒಂದು ಕೈ ಬಂದು ನನ್ನ ಕೈಯಿಂದ ಪಾನಾ ಕಿತ್ತುಕೊಂಡಿತು. ಅದು ಸೋರಿಕೆಯ ಕೈ. ತಲೆಗೆ ಕಟ್ಟಿದ್ದ ಬಟ್ಟೆ ಹರಿದು, ಮರೆಗೆ ಸುತ್ತಿ, ಆ ಕತ್ತಲಲ್ಲಿ, ಮೈಮೇಲೆ ನೀರು ಸುರಿಯುತ್ತಿರುವಾಗ, ಬೆರಳಿನಿಂದಲೇ ನೋಡುತ್ತಾ ಅದನ್ನು ಮತ್ತೆ ಕೂಡಿಸಿದಳು. ನೀರು ನಿಂತಿತು. ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. ಟಪ್ ಎಂದಿತು. ನೀರು ನಿಲ್ಲಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬೇಕಾದಷ್ಟೇ ಸೋರುವ ಹಾಗೆ ಕೂಡಿಸಿದವರನ್ನು ಕಂಡದ್ದು ಅದೊಂದೇ ಸಲ.

"ಏನಾಯ್ತು?" ಎಂದ ಕಂಬ.

"ನನ್ನ ಜಾಯಿಂಟು ಕಿತ್ಕೊಂಡ್ಬಿಡ್ತು" ಎಂದಳು ಸೋರಿಕೆ. "ನನ್ನ ಕೈಕೆಲಸ ತಾನೆ, ಇನ್ನೇನಾಗುತ್ತೆ. ಬಾಲ ಎದ್ದು ಹಿಡ್ಕೊಂಡ, ಅದಕ್ಕೇ ಇಷ್ಟಾದ್ರೂ ಉಳೀತು."

ನಾನು ನನ್ನ ಜಾಗಕ್ಕೆ ಬಂದು ಕಂಬನಿಗೆ ಒರಗಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಸುತ್ತು ಶುರುವಾಯಿತು. ಪುಟ್ಟಿ "ಆಯ್ತು" ಎಂದಳು, ಕಂಬ "ಆಯ್ತು" ಎಂದ. ಆಮೇಲೆ ನನ್ನ ಕೈಗೂ ಕ್ಯಾಪು ಬಂತು. ನಾನು ಕುಡಿದೆ.

ನಾಲ್ಕನೆಯ ದಿನ ಹನಿ ನಿಂತುಹೋಯಿತು. ಕಂಬ ಮಾತಾಡುವುದನ್ನು ಬಿಟ್ಟಿದ್ದ. ಹೆಲ್ಮೆಟ್ಟಿನ ತಳದಲ್ಲಿ ಉಳಿದದ್ದನ್ನು ಸೋರಿಕೆ ಅವನ ತುಟಿಗೆ ಬೆರಳಿನಿಂದ ಹಚ್ಚುತ್ತಿದ್ದಳು. ನಾನು ಚೆಲ್ಲಿದ ನೀರು ಇದ್ದಿದ್ದರೆ ಎಂದು ನಾನೊಬ್ಬನೇ ಎಣಿಸುತ್ತಾ ಕೂತಿದ್ದೆ. ಪುಟ್ಟಿ ಕ್ಯಾಪಿನಿಂದ ಪೈಪು ಬಡಿಯುತ್ತಲೇ ಇದ್ದಳು. ಗೋಡೆಯ ಆಚೆಯಿಂದ ಯಾರೋ ತಿರುಗಿ ಬಡಿದರು. ಮೇಷ್ಟ್ರು. ಗೋಡೆ ಎಲ್ಲಿದೆ ಎಂದು ಗೊತ್ತಿದ್ದವರು ಅವರೊಬ್ಬರೇ. ಬೀದಿಯವರನ್ನು ಕಟ್ಟಿಕೊಂಡು ನಾಲ್ಕು ದಿನ ಕೈಯಲ್ಲೇ ಕಲ್ಲು ಎತ್ತಿಹಾಕಿದ್ದರಂತೆ. ನಮ್ಮನ್ನು ಹೊರಗೆಳೆದಾಗ ಅವರ ಉಗುರುಗಳಿರಲಿಲ್ಲ. ಸೋರಿಕೆ ಬೆಳಕಿಗೆ ಕಣ್ಣು ಮುಚ್ಚಿಕೊಂಡು, "ಮೇಷ್ಟ್ರೇ, ನಾನು ಪಾಸಾ?" ಎಂದು ಕೇಳಿದಳು. ಅವರು ರಸ್ತೆಯಲ್ಲೇ ಕೂತು ಅತ್ತುಬಿಟ್ಟರು.

ಕಂಬನ ಪಾದ ಹೋಯಿತು, ಜೀವ ಉಳಿಯಿತು. ಈಗ ನೀರೆತ್ತುವ ಪಂಪ್‌ಹೌಸಿನಲ್ಲಿ ಕೆಲಸ, ಕೋಲೂರಿ ನಡೆಯುತ್ತಾನೆ. ಪುಟ್ಟಿಗೆ ಇಬ್ಬರು ಗಂಡುಮಕ್ಕಳು. ಪ್ರತಿ ವರ್ಷ ಆ ದಿನ ಕಂಬನ ಮನೆಯಲ್ಲಿ ಊಟ. ಊಟದ ಮಧ್ಯೆ ಅವನು ಅದೇ ಕತೆ ಹೇಳುತ್ತಾನೆ. ಸೋರಿಕೆಯ ಜಾಯಿಂಟು ಹೇಗೆ ಕಿತ್ತುಕೊಂಡಿತು, ನಮ್ಮ ಬಾಲ ಎದ್ದು ಹೇಗೆ ಹಿಡಿದುಕೊಂಡ. ಮಕ್ಕಳು ನನ್ನನ್ನು ಕಣ್ಣರಳಿಸಿ ನೋಡುತ್ತಾರೆ. ನಾನು ತಟ್ಟೆ ನೋಡುತ್ತೇನೆ. ಹೀಗೆ ಇಪ್ಪತ್ತನಾಲ್ಕು ವರ್ಷ ಮಾಡಿದೆ.

ಈ ವರ್ಷ ಮೇಷ್ಟ್ರು ತೀರಿಕೊಂಡರು. ಅವರಿಗೂ ಹೇಳಲಿಲ್ಲವಲ್ಲ ಎಂಬುದು ನನ್ನನ್ನು ತಿನ್ನುತ್ತಿತ್ತು. ಕಂಬ "ನಮ್ಮ ಬಾಲ ಎದ್ದು" ಎನ್ನುವಷ್ಟರಲ್ಲಿ ನಾನು ಬಾಯಿ ಹಾಕಿದೆ.

"ಅದು ಸುಳ್ಳು. ಜಾಯಿಂಟು ಕಿತ್ಕೊಳ್ಳಲಿಲ್ಲ. ನಾನು ಬಿಚ್ಚಿದ್ದು. ಕದ್ದು ಕುಡಿಯೋಕೆ."

ಯಾರೂ ಗಾಬರಿಯಾಗಲಿಲ್ಲ. ಪುಟ್ಟಿ ಬಡಿಸುವುದನ್ನೂ ನಿಲ್ಲಿಸಲಿಲ್ಲ.

"ಗೊತ್ತು" ಎಂದ ಕಂಬ.

"ಏನು ಗೊತ್ತು?"

"ಅಲ್ಲೋ, ನೀನು ಹೋಗಿದ್ದೇ ನನ್ನ ಮೇಲೆ ದಾಟ್ಕೊಂಡು. ಪಾದ ಸಿಕ್ಕಾಕ್ಕೊಂಡು ಬಿದ್ದಿರೋನಿಗೆ ನಿದ್ದೆ ಎಲ್ಲಿಂದ ಬರ್ಬೇಕು? ಪಾನಾ ಪೈಪಿಗೆ ಕಚ್ಚೋ ಸದ್ದು ನಮ್ಗೆ ಗೊತ್ತಾಗಲ್ವಾ, ನಾವೇನು ಹೊಲಿಗೆ ಕಲೀತಿದ್ವಾ?"

"ಅಕ್ಕನ ಜಾಯಿಂಟು ಸೋರುತ್ತೆ, ತಾನಾಗೇ ಕಿತ್ಕೊಳ್ಳಲ್ಲ" ಎಂದಳು ಪುಟ್ಟಿ. "ನಂಗೂ ಆಗ್ಲೇ ಗೊತ್ತಾಯ್ತು ಅಣ್ಣ."

ನಾನು ಸೋರಿಕೆಯ ಕಡೆ ನೋಡಿದೆ. "ಮತ್ತೆ ಯಾಕೆ ಹಾಗಂದೆ?"

"ಬೈದಿದ್ರೆ ನೀನು ಮೂಲೆಗೆ ಹೋಗಿ ಕೂರ್ತಿದ್ದೆ" ಎಂದಳು. "ನಿನ್ನ ಮಾನ ನಂಗೊತ್ತಿಲ್ವಾ. ಚಳಿ ಹೇಗಿತ್ತು? ಕಂಬನಿಗೆ ಈ ಕಡೆ ನಾವು, ಆ ಕಡೆ ನೀನು ಒರಗಿದ್ರೆ ತಾನೆ ಅವನು ಬೆಚ್ಚಗಿರೋದು."

"ಹೊರಗೆ ಬಂದ ಮೇಲಾದ್ರೂ ಹೇಳ್ಬಹುದಿತ್ತು."

"ನೀನೇ ಹೇಳ್ತೀಯ ಅಂತ ಇದ್ವಿ. ಅದಕ್ಕೇ ಇವನು ವರ್ಷಾ ವರ್ಷಾ ಕತೆ ಎತ್ತೋದು. ಇಷ್ಟು ನಿಧಾನವಾಗಿ ಸೋರೋ ಜಾಯಿಂಟು ನಾನೂ ಮಾಡಿಲ್ಲಪ್ಪ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಕಣ್ಣೊರೆಸಿಕೊಂಡು ನಕ್ಕೆ. ಇಷ್ಟು ವರ್ಷ ನಾನು ಒಬ್ಬಳಿಗೆ ಮಾತ್ರ ಋಣಿ ಎಂದುಕೊಂಡಿದ್ದೆ.

ಅಂದಿನಿಂದ ನನಗೆ ಆ ಮುಂದಿನ ಸುತ್ತೇ ನೆನಪಾಗುತ್ತಿರುತ್ತದೆ. ನೀರು ಚೆಲ್ಲಿಹೋದ ಮೇಲೆ ಮೊದಲ ಸಲ ಕ್ಯಾಪು ತುಂಬಿದ್ದು. ಪುಟ್ಟಿಗೆ ಗೊತ್ತಿತ್ತು. ತುಂಬಿದವಳಿಗೂ ಗೊತ್ತಿತ್ತು. ನನ್ನ ಪಾಲನ್ನು ದಾಟಿಸಬೇಕಾದ ಕಂಬನಿಗೆ ಜ್ವರ, ಬಾಯಿ ಒಣಗಿತ್ತು, ಕತ್ತಲಲ್ಲಿ ಅದನ್ನು ಅವನೇ ಕುಡಿದಿದ್ದರೆ ಕೇಳುವ ಮುಖ ನನಗಿರಲಿಲ್ಲ. ಅವನ ಕೈ ನನ್ನ ಕೈ ಹುಡುಕಿಕೊಂಡು ಬಂದು ಕ್ಯಾಪನ್ನು ಇಟ್ಟಿತು. ಅದು ಅಂಚಿನ ತನಕ ತುಂಬಿತ್ತು.