ಮೇಸ್ತ್ರಿ ನೋಡದ ಗಾಡಿ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತರ ಹಾಗಿರಲಿಲ್ಲ. ದಪ್ಪ, ಹಳದಿ, ಅಂಚಿನಲ್ಲಿ ಎಷ್ಟು ಸಾಬೂನು ತಿಕ್ಕಿದರೂ ಹೋಗದ ಗ್ರೀಸಿನ ಕಪ್ಪು ಗೆರೆ. ಅದನ್ನು ಬೇಕೆಂದೇ ತುಸು ಉದ್ದ ಬಿಟ್ಟಿದ್ದರು. ಕಾರಿನ ಬಾಗಿಲಾಗಲಿ, ಸ್ಕೂಟರಿನ ಹೊಟ್ಟೆಯಾಗಲಿ, ಎಲ್ಲಿ ಬಣ್ಣ ಅಗತ್ಯಕ್ಕಿಂತ ಚೆಂದ ಕಾಣುತ್ತದೋ ಅಲ್ಲಿ ಆ ಉಗುರಿನಿಂದ ಒಮ್ಮೆ ಗೀರಿ, ಕಿವಿಯಿಟ್ಟು ಕುಟ್ಟಿ, ಆಮೇಲೆ ಮೂಗು ತಾಗಿಸಿ ಮೂಸುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಇವರು ಗಾಡಿ ನೋಡಲು ಬಂದವರೋ ಹಲಸಿನ ಹಣ್ಣು ಆರಿಸಲು ಬಂದವರೋ!

ನಮ್ಮ ಕೇರಿಯ ಕೊನೆಯ ಮನೆ ಅವರದು. ಅಂಕೋಲೆಯಲ್ಲಿ ಬಹುಕಾಲ ಗ್ಯಾರೇಜು ನಡೆಸಿದವರಾದ್ದರಿಂದ ಊರಿಗೆಲ್ಲ ಅವರು ಮೇಸ್ತ್ರಿ. ಗ್ಯಾರೇಜು ಮುಚ್ಚಿದ ಮೇಲೆ ಉಳಿದ ಕೆಲಸ ಒಂದೇ. ಯಾರಾದರೂ ಹಳೆ ಸ್ಕೂಟರು, ಸಣ್ಣ ಕಾರು ಕೊಳ್ಳುವವರಿದ್ದರೆ ಜೊತೆಗೆ ಹೋಗಿ ನೋಡಿಕೊಡುವುದು. ಹೊಸದಕ್ಕೆ ಕೈ ಎಟುಕದ ನಮ್ಮಂಥವರು ಅವರಿಲ್ಲದೆ ಹಳೆ ಗಾಡಿಯ ಬಾಗಿಲು ಕೂಡ ತೆಗೆಯುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಕರ್ಚೀಫು ಸುತ್ತಿದ ಒಂದು ಮ್ಯಾಗ್ನೆಟ್ ಸದಾ ಇರುತ್ತಿತ್ತು. ತಗಡು ಇದ್ದಲ್ಲಿ ಅದು ಹಿಡಿಯುತ್ತದೆ, ನೆಗ್ಗಿದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಲ್ಲಿ ಜಾರುತ್ತದೆ. ನಾನು ಮಕ್ಕಳಿಗೆ ಅಯಸ್ಕಾಂತ ಎಂದು ಕಲಿಸುವ ವಸ್ತುವಿನ ನಿಜವಾದ ಉಪಯೋಗ ನನಗೆ ತಿಳಿದದ್ದು ಅವರಿಂದಲೇ.

ಯಾರನ್ನೂ ನಂಬದ ಮನುಷ್ಯ. ಮಾರುವವನು ಕೊಟ್ಟ ಚಾ ಮುಟ್ಟುತ್ತಿರಲಿಲ್ಲ. "ಚಾ ಕುಡದ್ರೆ ಮತ್ತೆ ಬೈಯುಕೆ ಬಾಯಿ ಬರೂದಿಲ್ಲ" ಎನ್ನುತ್ತಿದ್ದರು. ಯಾರಾದರೂ "ಎಷ್ಟು ಹೊಳೀತದೆ ನೋಡಿ ಮೇಸ್ತ್ರಿ" ಎಂದರೆ, "ಬಣ್ಣ ನೋಡುಕೆ ನಾವೇನು ಮದುವೆಗೆ ಬಂದದ್ದಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮೀನುಪೇಟೆಯಲ್ಲೂ ಅದೇ ಕತೆ. ಹತ್ತು ಬಂಗಡೆ ಕೊಳ್ಳಬೇಕಾದರೆ ಹತ್ತರ ಕಿವಿರನ್ನೂ ಎತ್ತಿ ನೋಡಬೇಕು, ಕೆಂಪಗಿದೆಯೋ ಇಲ್ಲವೋ ಎಂದು. ಅಲ್ಲಿ ನಾವಿಬ್ಬರೂ ಮೀನು ಕೊಳ್ಳುತ್ತಿದ್ದುದು ಬೆಳಂಬಾರದ ಒಬ್ಬಳ ಹತ್ತಿರ. ಗಂಡ ಬೋಟಿಗೆ ಹೋಗುವವನು. ಇವಳು ಬುಟ್ಟಿ ಹೊತ್ತು ಪೇಟೆಗೆ ಬರುವವಳು. ಬಾಯಿ ಜೋರು, ಮನಸ್ಸು ಮೆದು. ಮೇಸ್ತ್ರಿ ಕಿವಿರು ಎತ್ತಲು ಶುರು ಮಾಡಿದರೆ ಅವಳು ನನ್ನ ಕಡೆ ತಿರುಗಿ, "ಇವ್ರು ಹೆಂಡ್ತಿ ಕೈ ಊಟನೂ ಮ್ಯಾಗ್ನೆಟ್ ಇಟ್ಟೇ ಉಣ್ಣುದೋ ಎಂತೋ! ಅಕ್ಕೋರೆ, ನಿಮ್ಗೆ ತೋರ್ಸುದು ಬೇಡ. ನಿಮ್ಗೆ ನನ್ ಮೇಲೆ ನಂಬ್ಕೆ ಅದೆ" ಎನ್ನುತ್ತಿದ್ದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಆ ಮಾತಿಗೆ ಎಷ್ಟು ಬೆಲೆ ಇತ್ತು ಎಂದು ನನಗೆ ಆಗ ಗೊತ್ತಿರಲಿಲ್ಲ.

ಆಗ ನಮ್ಮ ಮನೆಯಲ್ಲಿದ್ದುದು ಒಂದೇ ಸ್ಕೂಟರು. ಯಜಮಾನರು ಹ್ಯಾಂಡಲ್ ಹಿಡಿದರೆ, ಮುಂದೆ ಚಿಕ್ಕ ಮಗಳು ನಿಂತು, ಹಿಂದೆ ದೊಡ್ಡವಳು ಸಿಕ್ಕಿಕೊಂಡು, ತುದಿಯಲ್ಲಿ ನಾನು ಅರ್ಧ ಸೀಟಿನಲ್ಲಿ. ಹಾಗೆ ಹೋಗುತ್ತಿದ್ದ ನಾನೇ ನಾಲ್ಕನೇ ಇಯತ್ತೆಯ ಮಕ್ಕಳಿಗೆ ರಸ್ತೆ ನಿಯಮ ಕಲಿಸುತ್ತಿದ್ದೆ: ದ್ವಿಚಕ್ರ ವಾಹನದಲ್ಲಿ ಇಬ್ಬರೇ ಕೂರಬೇಕು, ಹೆಲ್ಮೆಟ್ ಹಾಕಬೇಕು. ಒಂದು ಮಳೆಗಾಲದ ಬೆಳಿಗ್ಗೆ ಕಾರವಾರಕ್ಕೆ ಮದುವೆಯೊಂದಕ್ಕೆ ಹೋಗುವಾಗ ಹೆದ್ದಾರಿಯಲ್ಲಿ ಲಾರಿ ಎರಚಿದ ನೀರು ಮುಖಕ್ಕೆ ಬಡಿದು, ಸ್ಕೂಟರು ಡಿವೈಡರಿಗೆ ಗುದ್ದಿ ಬಿದ್ದೆವು. ಚಿಕ್ಕವಳ ಗಲ್ಲಕ್ಕೆ ಮೂರು ಹೊಲಿಗೆ. ಸ್ಕೂಟರಿನ ಕುತ್ತಿಗೆ, ಅಂದರೆ ಹ್ಯಾಂಡಲ್ ಕೆಳಗಿನ ಕಬ್ಬಿಣದ ಪೈಪು ಸೀಳಿತ್ತು. ಊರಲ್ಲಿ ಗೊತ್ತಾಗಬಾರದೆಂದು ಕಾರವಾರದಲ್ಲೇ ವೆಲ್ಡಿಂಗ್ ಮಾಡಿಸಿ, ಬಣ್ಣ ಹೊಡೆಸಿ, ಮೇಲೆ ಹೊಸ ಪ್ಲಾಸ್ಟಿಕ್ ಕವರು ಹಾಕಿಸಿದೆವು. ಕೇರಿಯವರಿಗೆ ಮಗಳು ಬಚ್ಚಲಲ್ಲಿ ಜಾರಿದಳು ಎಂದೆ. ಅಕ್ಕೋರು ನಾಲ್ಕು ಜನ ಹೇರಿಕೊಂಡು ಹೋಗಿ ಬಿದ್ದರಂತೆ ಎಂದು ನನ್ನ ತರಗತಿಯ ಮಕ್ಕಳೇ ಕಿಸಕ್ಕೆಂದರೆ ಮುಖ ಎಲ್ಲಿ ಇಡಲಿ?

ಇನ್ನು ಸ್ಕೂಟರು ಸಾಕು, ಹಳೆಯದಾದರೂ ಸರಿ ಒಂದು ಸಣ್ಣ ಕಾರು ಬೇಕೆಂದು ಹೊರಟೆವು. ಮೇಸ್ತ್ರಿಯನ್ನು ಕರೆದುಕೊಂಡು ಹೋದದ್ದೇ ಬಂತು, ನಾಲ್ಕು ತಿಂಗಳಲ್ಲಿ ಮೂರು ಕಾರು ಬೇಡ ಎನಿಸಿದರು. ಮೂರನೆಯದು ಕಾರವಾರದ ಒಬ್ಬ ದಲ್ಲಾಳಿಯದು. ಬೆಳ್ಳಗೆ ಬಾತುಕೋಳಿಯ ಹಾಗಿತ್ತು, ನಾನು ಮನಸ್ಸಿನಲ್ಲೇ ಅದರಲ್ಲಿ ಕೂತೂ ಆಗಿತ್ತು. ದಲ್ಲಾಳಿ "ಡಾಕ್ಟ್ರು ಓಡ್ಸಿದ್ದು, ಶುಕ್ರವಾರಕ್ಕೊಮ್ಮೆ ದೇವಸ್ಥಾನಕ್ಕೆ ಬಿಟ್ರೆ ಎಲ್ಲೂ ಹೋಗಿಲ್ಲ" ಎಂದ. ಮೇಸ್ತ್ರಿ ಡಿಕ್ಕಿ ತೆಗೆದು, ಸ್ಟೆಪ್ನಿ ಎತ್ತಿ, ಅದರ ಕೆಳಗಿನ ಮೂಲೆಯ ಕೆಸರನ್ನು ಉಗುರಲ್ಲಿ ಕೆರೆದು ನಾಲಿಗೆಗೆ ಮುಟ್ಟಿಸಿದರು!

"ಇದು ಹೊಳೆಯಲ್ಲಿ ನಿಂತ ಗಾಡಿ" ಎಂದು ಉಗುಳಿದರು.

"ಅದು ಮಳೆ ನೀರು ಮೇಸ್ತ್ರಿ" ಎಂದ ದಲ್ಲಾಳಿ.

"ನಿಮ್ ಕಾರವಾರದಲ್ಲಿ ಮಳೆ ಉಪ್ಪುಪ್ಪು ಬೀಳ್ತದಾ? ಮಂಜಗುಣಿ ಬದಿ ಉಬ್ಬರದ ಹೊತ್ತಲ್ಲಿ ಗಂಗಾವಳಿ ಹೊಳೆ ನೀರು ಬಾಯಿಗೆ ಹಾಕು ತಮಾ, ಹಿಂಗೇ ಇರ್ತದೆ. ಡಾಕ್ಟ್ರು ಕಾರನ್ನ ಈಜುಕೆ ಬಿಟ್ಟಿದ್ರಾ?"

ದಲ್ಲಾಳಿ ಮುಖ ತಿರುಗಿಸಿದ. ನನಗೆ ಮಾತ್ರ ಸಿಟ್ಟು ಬಂದದ್ದು ಮೇಸ್ತ್ರಿಯ ಮೇಲೆ. ಮನೆಗೆ ಬಂದು ಯಜಮಾನರಿಗೆ, ಇವರಿಗೆ ಬೇರೆ ಯಾವನೋ ಕಮಿಷನ್ ಕೊಡುತ್ತಾನೆ, ಅವನ ಗಾಡಿ ಬರುವವರೆಗೂ ಹೀಗೇ ಬೇಡ ಬೇಡ ಎನ್ನುತ್ತಾರೆ ಎಂದೆ. ಹೇಳಿದ್ದು ಸಾಲದೆಂದು ಮೊದಲ ಕಾರು ತೋರಿಸಿದವನಿಗೆ ಗುಟ್ಟಾಗಿ ಫೋನು ಮಾಡಿ, ಮೇಸ್ತ್ರಿಗೆ ನೀವೆಲ್ಲ ಎಷ್ಟು ಕೊಡುತ್ತೀರಿ ಎಂದೂ ಕೇಳಿದೆ. ಅವನು ಆ ಕಡೆಯಿಂದ, "ಎಂತಾ ಕೇಳ್ತ್ರಿ ಅಕ್ಕೋರೆ? ಆ ಪ್ರಾಣಿ ನಮ್ಮನೆ ನೀರು ಸಹ ಕುಡಿಯೂದಿಲ್ಲ. ಅವ್ರಿಂದ ನಂಗೆ ಹೋದ ಗಿರಾಕಿ ಎಷ್ಟು!" ಎಂದು ಗೋಳಾಡಿದ. ಆಗಲೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. ಇಬ್ಬರೂ ಸೇರಿ ಆಡುವ ಆಟವಿರಬಹುದು ಎಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬರೆಯದೆ ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ನಾಲ್ಕನೆಯದಕ್ಕೆ ಅವರು "ಇದು ತಗೊಳ್ಳಿ" ಎಂದರು. ಗಿಳಿಯೂ ಮುಖ ಸಿಂಡರಿಸುವಂಥ ಹಸಿರು ಬಣ್ಣ, ಬಾಗಿಲಿಗೆಲ್ಲ ಗೀರು. ಇಂದಿಗೂ ಅದೇ ನಮ್ಮ ಕಾರು. ದಾರಿಯಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಕಾರು ಬಂದ ಮೇಲೆ ಸ್ಕೂಟರು ಮಾರುವ ವಿಷಯ ಬಂತು. ಕೇಳಿದ್ದು ಅದೇ ಮೀನಿನವಳು. ಬುಟ್ಟಿ ಕಟ್ಟಿಕೊಂಡು ಟೆಂಪೋ ಕಾಯುವುದು ತಪ್ಪುತ್ತದೆ, ನಾಲ್ಕು ಮನೆ ಹೆಚ್ಚು ತಿರುಗಬಹುದು, ಮಗಳನ್ನು ಕಾಲೇಜಿಗೂ ಬಿಡಬಹುದು ಎಂದು ಅವಳ ಲೆಕ್ಕ. ಗಾಡಿ ನೋಡಲು ಮೇಸ್ತ್ರಿಯನ್ನೇ ಕರೆತಂದಳು. ನಮ್ಮ ಅಂಗಳದಲ್ಲಿ ಸ್ಕೂಟರು ನಿಂತಿತ್ತು. ಮೇಸ್ತ್ರಿ ಜೇಬಿಗೆ ಕೈ ಹಾಕಿ, ಕರ್ಚೀಫು ತೆಗೆದು, ಅರ್ಧ ಬಿಚ್ಚಿ, ಮತ್ತೆ ಸುತ್ತಿ ಒಳಗಿಟ್ಟರು.

"ಅಕ್ಕೋರ ಗಾಡಿ. ಇದ್ರಲ್ಲಿ ಎಂತಾ ನೋಡುದು? ಹೇಳಿ ಅಕ್ಕೋರೆ, ಬಿದ್ದದ್ದು ಗಿದ್ದದ್ದು ಅದ್ಯಾ?"

ಬೇಲಿಯಾಚೆ ಪಕ್ಕದ ಮನೆಯವರು ನಿಂತಿದ್ದರು. ನನ್ನದೇ ತರಗತಿಯ ಇಬ್ಬರು ಮಕ್ಕಳು ಗೇಟು ಹಿಡಿದು ಜೋತಾಡುತ್ತಿದ್ದರು. ನಾನು "ಇಲ್ಲ" ಎಂದೆ.

ಮೇಸ್ತ್ರಿ ಅವಳ ಕಡೆ ತಿರುಗಿ, "ತಗೋ ತಂಗೀ" ಎಂದರು. ಅಷ್ಟೇ. ಊರಲ್ಲಿ ಯಾರ ಮಾತನ್ನೂ ಮ್ಯಾಗ್ನೆಟ್ ಇಡದೆ ನಂಬದವರು ನನ್ನ ಒಂದು ಮಾತನ್ನು ಹಾಗೇ ನಂಬಿದರು. ಆವತ್ತು ಅವರು ನಮ್ಮಲ್ಲಿ ಚಾ ಕೂಡ ಕುಡಿದರು.

ಅಲ್ಲಿಂದ ನನಗೆ ಹಿಡಿದ ಅನುಮಾನದ ಪಿಶಾಚಿ ಬಿಡಲಿಲ್ಲ. ಇವರಿಗೆ ಗೊತ್ತಿದ್ದೇ ಕೇಳಿದರೇ? ಎಂಥೆಂಥ ವೆಲ್ಡಿಂಗ್ ಮೂಸಿ ಹಿಡಿದವರಿಗೆ ನನ್ನದು ಗೊತ್ತಾಗದೆ ಇರುತ್ತದೆಯೇ? ದಾರಿಯಲ್ಲಿ ಸಿಕ್ಕಿ "ಸಣ್ಣ ಹುಡ್ಗಿ ಗಲ್ಲದ ಕಲೆ ಹೋಯ್ತಾ ಅಕ್ಕೋರೆ?" ಎಂದರೆ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಮಾತು ತೆಗೆಯುತ್ತಿದ್ದೆ. ಪೇಟೆಯಲ್ಲಿ ಆ ಸ್ಕೂಟರು ಕಂಡರೆ ನನ್ನ ಕಣ್ಣು ಮೀನಿಗಿಂತ ಮೊದಲು ಅದರ ಕುತ್ತಿಗೆಗೆ ಹೋಗುತ್ತಿತ್ತು. ಮುಂದೆ ಒಂದು ಬುಟ್ಟಿ, ಹಿಂದೆ ಎರಡು, ಮಂಜುಗಡ್ಡೆಯ ನೀರು ಸದಾ ತೊಟ್ಟಿಕ್ಕುತ್ತಿತ್ತು. ಮೊದಲೇ ಸಮುದ್ರದ ಗಾಳಿ, ಮೇಲೆ ಉಪ್ಪುನೀರು. ಕಬ್ಬಿಣ ಎಷ್ಟು ದಿನ ತಡೆದೀತು?

ಒಂದು ದಿನ ಅವಳು ನಗುತ್ತಲೇ, "ಅಕ್ಕೋರೆ, ನಿಮ್ ಗಾಡಿ ಈಗೀಗ ಎಡಕ್ಕೇ ಎಳೀತದೆ. ನಿಮ್ಮನೆ ಬದಿಗೇ ಹೋಗುಕೆ ನೋಡ್ತದೆ ಮಾರಾಯ್ತಿ, ತವರುಮನೆ ನೆನಪು!" ಎಂದಳು. ಸುತ್ತ ಕೂತವರೆಲ್ಲ ನಕ್ಕರು. ಪಕ್ಕದಲ್ಲಿ ನಿಲ್ಲಿಸಿದ್ದ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಅವಳ ಮಗಳು ಪುಸ್ತಕ ಹಿಡಿದು ಕೂತಿದ್ದಳು.

ಸಂಜೆ ನೇರ ಮೇಸ್ತ್ರಿಯ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಲಾರಿ, ಡಿವೈಡರು, ನಾಲ್ಕು ಜನ, ಕಾರವಾರದ ವೆಲ್ಡಿಂಗ್, ಬಚ್ಚಲ ಸುಳ್ಳು. ಅವರು ಜಗಲಿಯಲ್ಲಿ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ವೆಲ್ಡಿಂಗ್ ಯಾವ ಬದಿ?" ಎಂದರು.

"ಎಡಕ್ಕೆ."

ಅವರು ಎದ್ದು ಅಂಗಿ ಹಾಕಿಕೊಂಡರು. "ಕಾರು ತೆಗೀರಿ."

ಅಂದರೆ ಅವರಿಗೆ ಗೊತ್ತಿರಲಿಲ್ಲ. ನಿಜವಾಗಿಯೂ ನಂಬಿದ್ದರು. ಬೆಳಂಬಾರ ಮುಟ್ಟುವವರೆಗೆ ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ನನಗೋ, ಇವರು ನಾಲ್ಕು ಬೈದಾದರೂ ಬೈಯಬಾರದೇ ಅನ್ನಿಸಿತು.

ಮೀನಿನವಳು ಅಂಗಳದಲ್ಲಿ ಸ್ಕೂಟರು ತೊಳೆಯುತ್ತಿದ್ದಳು. ಮೇಸ್ತ್ರಿ ಮುಂದಿನ ಕವರು ಬಿಚ್ಚಿ, ಟಾರ್ಚು ಬಿಟ್ಟು, ಆ ಹಳದಿ ಉಗುರನ್ನು ಪೈಪಿನ ಮೇಲೆ ಎಳೆದರು. ಒಂದು ಕಡೆ ಉಗುರು ಒಳಗೆ ಇಳಿಯಿತು. ಬೆಸುಗೆ ಅರ್ಧದವರೆಗೂ ಬಿಟ್ಟುಕೊಂಡಿತ್ತು.

"ಇನ್ನು ಇದ್ರ ಮೇಲೆ ಕೂರುದು ಬೇಡ ತಂಗೀ. ನಾಳೆ ಹೆದ್ದಾರಿಯಲ್ಲಿ ಹ್ಯಾಂಡಲ್ ಕೈಗೇ ಬರ್ತಿತ್ತು."

ಅವಳು ಬಕೆಟ್ಟು ಕೆಳಗಿಟ್ಟಳು. ಬಾಗಿಲಲ್ಲಿ ನಿಂತಿದ್ದ ಮಗಳನ್ನು ಒಮ್ಮೆ ನೋಡಿದಳು. "ಮೇಸ್ತ್ರಿ, ನೀವು ನೋಡಿ ಕೊಟ್ಟದ್ದೇ ಅಲ್ದಾ?"

ನಾನು ಬಾಯಿ ತೆರೆದೆ. ಅಷ್ಟರೊಳಗೆ ಅವರು, "ನಾ ನೋಡ್ಲಿಲ್ಲ. ನೋಡ್ಬೇಕಿತ್ತು. ನಂದೇ ತಪ್ಪು" ಎಂದರು.

ತೆರೆದ ಬಾಯಿಯನ್ನು ನಾನು ಮುಚ್ಚಿದೆ. ದೇವರಾಣೆ, ಮೊದಲ ಸುಳ್ಳಿಗಿಂತ ಇದೇ ದೊಡ್ಡದು. ದುಡ್ಡು ಹಿಂತಿರುಗಿಸಿ ಸ್ಕೂಟರು ನಾವು ವಾಪಸು ತಂದೆವು, ಅವಳಿಗೆ ಬೇರೊಂದು ಸಿಕ್ಕಿತು. ಆ ಲೆಕ್ಕ ಮುಗಿಯಿತು. ಮೇಸ್ತ್ರಿಯದು ಮುಗಿಯಲಿಲ್ಲ. ಮೀನುಪೇಟೆಯಲ್ಲಿ ಮಾತು ಹುಟ್ಟಿ ಊರೆಲ್ಲ ತಿರುಗಿತು: ಮೇಸ್ತ್ರಿ ಎರಡೂ ಕಡೆ ತಿನ್ನುತ್ತಾರಂತೆ, ಬಡ ಹೆಂಗಸಿನ ಜೀವದ ಜೊತೆ ಆಡಿದರಂತೆ. ನಾನು ಒಂದು ಕಾಲದಲ್ಲಿ ಮನೆಯೊಳಗೆ ಆಡಿದ ಮಾತನ್ನೇ ಈಗ ಊರು ಬೀದಿಯಲ್ಲಿ ಆಡಿತು. ದುಡ್ಡು ತಿರುಗಿಸಿ ಕೊಟ್ಟ ನಾನು ಒಳ್ಳೆಯವಳಾದೆ, ಅಕ್ಕೋರಿಗೆ ಪಾಪ ವೆಲ್ಡಿಂಗಿನ ವಿಷಯ ಎಂತ ಗೊತ್ತು ಎಂದರು. ಗಾಡಿ ನೋಡಲು ಕರೆಯುವವರು ಕಡಿಮೆಯಾದರು, ಆಮೇಲೆ ನಿಂತೇ ಹೋದರು. ಮೀನಿನವಳು ಅವರೊಂದಿಗೆ ಮಾತು ಬಿಟ್ಟಳು. ಅವರು ಬೇರೆಯವಳ ಹತ್ತಿರ ಮೀನು ಕೊಳ್ಳತೊಡಗಿದರು. ನನಗೆ ಮಾತ್ರ ಅವಳು ಮೊದಲಿನಂತೆ ಕಿವಿರು ತೋರಿಸದೆ ಮೀನು ಕೊಡುತ್ತಿದ್ದಳು.

ನನ್ನೊಡನೆ ಅವರು ಮಾತು ಬಿಡಲಿಲ್ಲ. ಹಸಿರು ಕಾರಿನ ಆರೋಗ್ಯ ವಿಚಾರಿಸಲು ಬರುತ್ತಿದ್ದರು. ಒಂದು ಸಲ, "ಬ್ರೇಕು ಸರಿ ಅದೆ ಮೇಸ್ತ್ರಿ, ನಿನ್ನೆಯೇ ನೋಡ್ಸಿದ್ದು" ಎಂದೆ. "ಹೌದಾ" ಎಂದವರು, ಪಂಚೆ ಎತ್ತಿ ಕಟ್ಟಿ, ಕಾರಿನ ಕೆಳಗೆ ತೂರಿ ಬ್ರೇಕು ನೋಡಿದರು. ನಾನು ಒಳಗೆ ಹೋಗಿ ಅತ್ತೆ. ಚಾ ತಂದರೆ, "ಬೇಡ ಅಕ್ಕೋರೆ, ಈಗಷ್ಟೇ ಆಯ್ತು" ಎಂದರು.

ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಒಮ್ಮೆ ಕೇಳಿಯೂ ಬಿಟ್ಟೆ. ಆಗಲೂ ಒಳಗೊಳಗೆ ನನಗೆ ಅನುಮಾನವೇ. ಇದರಲ್ಲಿ ಇವರಿಗೆ ಏನೋ ಇದೆ, ಮುಂದೆ ಯಾವಾಗಲೋ ಎತ್ತಿ ಆಡುತ್ತಾರೆ ಎಂದು.

"ನಿಮ್ ಹತ್ರ ಮಕ್ಕಳು ಕಲೀತ್ರು" ಎಂದರು. "ನನ್ ಹತ್ರ ಎಂತಾ, ನಾಲ್ಕು ಹಳೆ ಗಾಡಿ."

ಕಳೆದ ಮಳೆಗಾಲದಲ್ಲಿ ಎದೆನೋವು ಬಂದು ಎರಡೇ ದಿನಕ್ಕೆ ಹೋಗಿಬಿಟ್ಟರು. ಅವರು ನೋಡಿಕೊಟ್ಟ ಗಾಡಿಗಳು ಈ ದಾರಿಯಲ್ಲಿ ಎಷ್ಟು ಓಡುತ್ತಿವೆಯೋ. ಮಣ್ಣಿಗೆ ಬಂದವರು ಕೈಬೆರಳಿನಲ್ಲಿ ಎಣಿಸುವಷ್ಟು ಜನ. ಮೀನಿನವಳು ಬರಲಿಲ್ಲ.

ಅದಾದ ಮೇಲಿನ ಭಾನುವಾರ ನಾನು ಪೇಟೆಗೆ ಹೋದೆ. ಹೊತ್ತೇರಿತ್ತು, ಜನ ತುಂಬಿದ್ದರು. ಅವಳ ಮುಂದೆ ನಿಂತು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದೆ. ಸ್ಕೂಟರು ಬಿದ್ದದ್ದು ನನಗೆ ಗೊತ್ತಿತ್ತು. ಮೇಸ್ತ್ರಿ ಕೇಳಿದರು, ನಾನು ಇಲ್ಲ ಎಂದೆ. ಅವರು ಒಂದು ಕಾಸು ತಿಂದವರಲ್ಲ.

ಅವಳ ಕೈಯಲ್ಲಿದ್ದ ಕತ್ತಿ ನಿಂತಿತು.

"ಈಗ ಹೇಳ್ತ್ರಾ ಅಕ್ಕೋರೆ?" ಎಂದಳು. ದನಿಯಲ್ಲಿ ಜೋರಿರಲಿಲ್ಲ. "ನಾ ಅವ್ರ ಮುಖ ನೋಡ್ದೆ ಎರಡು ವರ್ಷ ಆಯ್ತಲ್ಲ. ಈಗ ಹೋಗಿ ಯಾರ ಹತ್ರ ಮಾತಾಡ್ಲಿ ನಾನು?"

ತಿರುಗಿ ಹೊರಟೆ.

"ತಡೀರಿ, ಮೀನು ಬೇಡ್ವಾ?" ಎಂದು ಕರೆದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತು ಬಂಗಡೆ ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಎಂದೂ ಇಲ್ಲದೆ ಮೊದಲನೆಯದರ ಕಿವಿರು ಎತ್ತಿ ನನ್ನ ಮುಖದ ಹತ್ತಿರ ತಂದಳು. ಕೆಂಪಗಿತ್ತು. ಎರಡನೆಯದು ಎತ್ತಿದಳು, ಮೂರನೆಯದು ಎತ್ತಿದಳು.

"ಸರಿಯಾಗಿ ನೋಡ್ಕೊಳ್ಳಿ ಅಕ್ಕೋರೆ" ಎಂದಳು. "ಇನ್ನು ಎಲ್ಲಾ ನೋಡೇ ಕೊಡುದು, ನೋಡೇ ತಗೊಳ್ಳುದು."

ಹತ್ತನ್ನೂ ನೋಡಿದೆ.