ಚೀಲದಲ್ಲಿ ಎಷ್ಟು ಡಿಸ್ಕ್ ಇರಬೇಕು

ಪ್ರತಿ ರವಿವಾರ ಬೆಳಿಗ್ಗೆ ಚಹಾ ಕುಡಿದು ಬೂಟಿನ ದಾರ ಕಟ್ಟಿಕೊಂಡ ಮೇಲೆ ನಾನು ನಮ್ಮ ಮನೆಯ ಪಡಸಾಲೆಯಲ್ಲಿ ಸುಮಾರು ಕಾಲು ಗಂಟೆ ಸುಮ್ಮನೆ ನಿಂತಿರುತ್ತೇನೆ. ಎದುರಿಗೆ ನೆಲದ ಮೇಲೆ ಬಣ್ಣಬಣ್ಣದ ಡಿಸ್ಕುಗಳು ಹರಡಿರುತ್ತವೆ, ಕೈಯಲ್ಲಿ ಖಾಲಿ ಚೀಲವಿರುತ್ತದೆ. ಇವುಗಳಲ್ಲಿ ಎಷ್ಟನ್ನು ಒಯ್ಯಬೇಕು ಎಂಬುದೇ ಪ್ರಶ್ನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಇದು ತೊಡಕಿನ ಲೆಕ್ಕವಾಗಬಾರದು. ಆದರೆ ಇದೇ ಲೆಕ್ಕದಲ್ಲಿ ತಪ್ಪಿ ನಾನು ಒಬ್ಬ ಗೆಳೆಯನನ್ನು ಹೆಚ್ಚುಕಡಿಮೆ ಕಳೆದುಕೊಂಡೆ. ಆ ಆಘಾತ ಇನ್ನೂ ಮೈಯಿಂದ ಇಳಿದಿಲ್ಲ. ಹೇಳುವಾಗ ಅಲ್ಲಲ್ಲಿ ತಡವರಿಸಿದರೆ ನೀವು ತುಸು ನಿಂತು, ನನ್ನನ್ನು ಕೂಡಿಕೊಂಡು ಮುಂದೆ ನಡೆಯಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಊಟದ ತಾಟಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಗಾಳಿಯಲ್ಲಿ ತೇಲಿಸಿ ಎಸೆಯುತ್ತ, ದೂರದ ಕಂಬಕ್ಕೆ ಕಟ್ಟಿದ ಸರಪಳಿಯ ಬುಟ್ಟಿಯೊಳಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಬೀಳಿಸಬೇಕು. ಇದು ಡಿಸ್ಕ್ ಗಾಲ್ಫ್. ಆಟದ ಟೀಚರಾಗಿರುವ ನನ್ನ ತಂಗಿಯ ಮಗಳು ಯಾವುದೋ ತರಬೇತಿಗೆ ಹೋಗಿ ಬಂದವಳು ಎರಡು ಡಿಸ್ಕ್ ತಂದುಕೊಟ್ಟು, "ಮಾಮಾ, ನಿಮ್ಮ ಮೊಣಕಾಲಿಗೆ ಇದ ಛಲೋ ನೋಡ್ರಿ" ಎಂದಳು. ಜಾಗಕ್ಕೆ ಬರವಿರಲಿಲ್ಲ. ಗದಗ ಹೊಸ ಜಿಲ್ಲೆಯಾದಾಗ ಯಾವುದೋ ಕಚೇರಿ ಕಟ್ಟಬೇಕೆಂದು ಊರ ಹೊರಗೆ ಕಲ್ಲು ನೆಟ್ಟು ಹಿಡಿದಿಟ್ಟ ನೆಲವೊಂದಿತ್ತು. ಕಚೇರಿ ಬೇರೆಲ್ಲೋ ಎದ್ದಿತು. ಇಲ್ಲಿ ಕಲ್ಲುಗಳು ಉಳಿದು ಅವುಗಳ ನಡುವೆ ಜಾಲಿ ಬೆಳೆಯಿತು. ಬುಟ್ಟಿಗಳಿಗಾಗಿ ಬೆಟಗೇರಿಯಲ್ಲಿ ತಗಡಿನ ಟ್ರಂಕು ಮಾಡುವ ಮಕ್ತುಮಸಾಬರ ಅಂಗಡಿಗೆ ಹೋದೆ. ಹಳೆಯ ಸೈಕಲ್ ರಿಮ್ಮಿಗೆ ನಾಯಿ ಕಟ್ಟುವ ಸರಪಳಿಗಳನ್ನು ಇಳಿಬಿಡಬೇಕೆಂದು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಇದರಾಗ ಏನ್ ಸಾಕವ್ರು ಮಾಸ್ತರ್ರ, ಕೋಳಿ ಏನು?" ಎಂದು ಕೇಳಿದರು. ಒಂಬತ್ತು ಬುಟ್ಟಿ ಮಾಡಿಕೊಟ್ಟರು, ತಾವೇ ಬಂದು ನಿಲ್ಲಿಸಿದರು, ಸುಮ್ಮನೆ ನೋಡೋಣವೆಂದು ಒಂದು ಡಿಸ್ಕ್ ಎಸೆದರು. ಆಮೇಲೆ ರವಿವಾರ ಅಂಗಡಿ ತೆರೆಯುವುದು ಹತ್ತು ಗಂಟೆಗೆ ಎಂದಾಯಿತು. ಅವರ ಮೊದಲ ಎಸೆತವೇ ನೇರ ಬುಟ್ಟಿಗೆ ಬಿತ್ತೆಂದು ನನ್ನ ನೆನಪು. ಅವರು ಇಲ್ಲವೆನ್ನುತ್ತಾರೆ. ಇಂಥಲ್ಲಿ ಯಾರನ್ನು ನಂಬಬೇಕೆಂಬುದು ನನಗೆ ಈಗ ಗೊತ್ತಾಗಿದೆ.

ನಮ್ಮ ಕಡೆಯ ಗಾಳಿಯ ಬಗ್ಗೆಯೂ ಹೇಳಬೇಕು. ಮುಂಡರಗಿಯ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ್ದು ಚೆಂದಕ್ಕಲ್ಲ. ಆಷಾಢದಲ್ಲಿ ಎಸೆದ ಡಿಸ್ಕ್ ಕೆಲವೊಮ್ಮೆ ಎಸೆದವನ ಬೆನ್ನ ಹಿಂದೆ ಬಂದು ಬೀಳುತ್ತದೆ. ಹಾಗಾಗಿ ಎದುರುಗಾಳಿಗೆ ಭಾರದ್ದೊಂದು, ಹಿಂಗಾಳಿಗೆ ಹಗುರದ್ದೊಂದು, ಎಡಕ್ಕೆ ಹೊರಳುವುದೊಂದು, ಹೊರಳದಿರುವುದೊಂದು, ಬುಟ್ಟಿಯ ಹತ್ತಿರ ಮೆಲ್ಲನೆ ಬಿಡಲು ದಪ್ಪ ಅಂಚಿನದೊಂದು, ಇವುಗಳಲ್ಲಿ ಯಾವುದಾದರೂ ಕೈಕೊಟ್ಟರೆ ಇರಲೆಂದು ಇನ್ನಷ್ಟು, ಹೀಗೆ ತರಿಸುತ್ತ ಹೋದೆ. ಎರಡಿದ್ದದ್ದು ಹದಿನಾಲ್ಕಾಯಿತು. ಸಂತೆಯ ಚೀಲದಲ್ಲಿ ಅವನ್ನು ತುಂಬಿಕೊಂಡು ಹೊರಟಾಗ ನನ್ನ ಹೆಂಡತಿ, "ಇಷ್ಟ ತಾಟು ಒಯ್ದು ಯಾರಿಗೆ ಊಟಕ್ಕ ಹಾಕವ್ರ್ರಿ?" ಎಂದು ಅಡಿಗೆಮನೆಯಿಂದಲೇ ಕೇಳುತ್ತಿದ್ದಳು. ಮಕ್ತುಮಸಾಬರ ಬಳಿ ಇದ್ದದ್ದು ಒಂದೇ ಡಿಸ್ಕ್, ಬಿಳಿಯದು, ನಾನು ಕೊಟ್ಟದ್ದು, ಅಂಚು ಸವೆದದ್ದು. ಎದುರುಗಾಳಿ ಬಂದರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಮೆಲ್ಲಕ ಒಗೀತೀನ್ರಿ" ಎಂದಿದ್ದರು. ಸೋಲುತ್ತಿದ್ದವನು ನಾನು.

ಒಂದು ವರ್ಷ ದಸರೆ ಮುಗಿದು, ಮೈದಾನದ ಪಕ್ಕದ ಹೊಲದಲ್ಲಿ ಉಳ್ಳಾಗಡ್ಡಿ ಕೀಳುವ ಕಾಲಕ್ಕೆ, ನಾಲ್ಕು ರವಿವಾರಗಳಲ್ಲಿ ನನ್ನ ಐದು ಡಿಸ್ಕ್ ಕಾಣೆಯಾದವು. ಆಡುವಾಗ ಕಳೆದುಕೊಂಡಿದ್ದರೆ ದುಃಖವಿರಲಿಲ್ಲ. ಆದರೆ ಅವು ಆಡುವಾಗ ಹೋದವಲ್ಲ ಎಂಬುದು ನನಗೆ ಸ್ಪಷ್ಟವಾಗಿ ನೆನಪಿತ್ತು. ಹಳದಿ ಡಿಸ್ಕನ್ನೇ ತೆಗೆದುಕೊಳ್ಳಿ. ಏಳನೆಯ ಕಂಬದ ಬುಟ್ಟಿಯಿಂದ ಅದನ್ನು ತೆಗೆದಿದ್ದೆ, ಮಣ್ಣು ಒರೆಸಿದ್ದೆ, ಒರೆಸುವಾಗ ಬಿಂಕದಕಟ್ಟಿಯ ಕಡೆಯಿಂದ ಮೇವು ಹೇರಿದ ಟ್ರ್ಯಾಕ್ಟರ್ ಬಂದಿತ್ತು, ಅದರ ಸದ್ದಿಗೆ ತಲೆಯೆತ್ತಿ ನೋಡುತ್ತಲೇ ಡಿಸ್ಕನ್ನು ಚೀಲಕ್ಕೆ ಹಾಕಿದ್ದೆ. ಉಳಿದ ನಾಲ್ಕಕ್ಕೂ ಇಂಥದ್ದೇ ವಿವರಗಳಿದ್ದವು. ಹಾಗಾದರೆ ಅವು ಹೋದದ್ದು ಚೀಲದಿಂದ. ಆಟ ಮುಗಿಸಿ ದಣಿವಾರಿಸಿಕೊಳ್ಳುವಾಗ ಚೀಲ ಇರುತ್ತಿದ್ದದ್ದು ಮೈದಾನದ ಅಂಚಿನ ಬೇವಿನ ಗಿಡದ ಕೆಳಗೆ. ಅದರ ಪಕ್ಕ ಇರುತ್ತಿದ್ದದ್ದು ಇನ್ನೊಂದೇ ಚೀಲ. ಹತ್ತನೆಯ ಇಯತ್ತೆಯ ಪ್ರಮೇಯದಂತೆ ಒಂದೊಂದೇ ಮೆಟ್ಟಿಲು ಇಳಿದು ನಾನು ಎಲ್ಲಿಗೆ ಬಂದು ನಿಂತೆನೆಂದರೆ, ನಾಲ್ಕನೆಯ ರವಿವಾರ ಆಟ ಮುಗಿದ ಮೇಲೆ, "ಸಾಬ್ರ, ನಿಮ್ಮ ಚೀಲ ಒಂದೀಟು ನೋಡ್ಲೇನು?" ಎಂದು ಕೇಳಿಬಿಟ್ಟೆ.

ನಗುತ್ತ ಕೇಳಿದ್ದೆ. ಅದೇ ಹೆಚ್ಚು ಕೆಟ್ಟದ್ದು.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಬೋರಲು ಹಾಕಿದರು. ಒಂದು ಟವೆಲು, ನೀರಿನ ಬಾಟಲಿ, ಸೈಕಲ್ಲಿನ ಕೀಲಿ, ಬಿಳಿ ಡಿಸ್ಕು. ಚೀಲವನ್ನು ಒಳಹೊರಗು ಮಾಡಿ ಎರಡು ಸಲ ಝಾಡಿಸಿದರು. "ಆತ್ರೀ?" ಎಂದರು. ಎಲ್ಲವನ್ನೂ ಮತ್ತೆ ತುಂಬಿಕೊಂಡು ಸೈಕಲ್ ಹತ್ತಿ ಹೋದರು. ಮುಂದಿನ ರವಿವಾರ ಬರಲಿಲ್ಲ; ಅದರ ಮುಂದಿನ ರವಿವಾರವೂ ಬರಲಿಲ್ಲ. ಪಕ್ಕದ ಚೀಲ ಅವರದಲ್ಲದೆ ನನ್ನ ಸಹಶಿಕ್ಷಕರೊಬ್ಬರದಾಗಿದ್ದರೆ ಹಾಗೆ ಕೇಳುತ್ತಿದ್ದೆನೇ? ಈ ಪ್ರಶ್ನೆಯನ್ನು ನಾನು ಇವತ್ತಿಗೂ ಅರ್ಧಕ್ಕೇ ಬಿಡುತ್ತೇನೆ.

ಒಬ್ಬನೇ ಆಡಿದೆ. ಎಸೆಯುವವನು ನಾನೇ, ಹುಡುಕುವವನು ನಾನೇ, ಸರಪಳಿ ಝಲ್ಲೆಂದಾಗ ತಿರುಗಿ ನೋಡಿದರೆ ಯಾರೂ ಇಲ್ಲ. ತಡೆಯಲಾರದೆ ಒಂದು ಸಂಜೆ ಬೆಟಗೇರಿಗೆ ಹೋದೆ. "ಬರ್ರಿ, ಕುಂಡ್ರಿ" ಎಂದು ಸ್ಟೂಲು ಸರಿಸಿ ಚಹಾ ತರಿಸಿದರು. ಲಕ್ಷ್ಮೇಶ್ವರದ ಮದುವೆಯ ಮನೆಯೊಂದಕ್ಕೆ ಮಾಡುತ್ತಿದ್ದ ಟ್ರಂಕಿನ ಕೊಂಡಿ, ಮುಚ್ಚಳ, ಬಣ್ಣದ ಬಗ್ಗೆ ಮಾತಾಡಿದರು. ಅದು ಗಿರಾಕಿಗೆ ತರಿಸುವ ಚಹಾ, ಗಿರಾಕಿಯೊಡನೆ ಆಡುವ ಮಾತು. ಆಗಲೂ ನನ್ನ ಮನಸ್ಸಿನಲ್ಲಿದ್ದದ್ದೇನು ಗೊತ್ತೇ? ಕೇಳಿದ ರೀತಿ ತಪ್ಪಿರಬಹುದು, ಲೆಕ್ಕ ತಪ್ಪಿಲ್ಲ, ಎಂದು.

ಅದೇ ಚಳಿಗಾಲದಲ್ಲಿ ಶಿಕ್ಷಕರನ್ನೆಲ್ಲ ಮನೆಮನೆ ಗಣತಿಗೆ ಹಾಕಿದರು. ನನ್ನ ಪಾಲಿಗೆ ಮುಳಗುಂದದ ಎರಡು ಓಣಿ ಬಂದವು. ಮೂರನೆಯ ದಿನ ಮಧ್ಯಾಹ್ನ ಒಂದು ಮನೆಯ ಕಟ್ಟೆಯ ಮೇಲೆ ಫಾರ್ಮು ಬಿಚ್ಚಿ ಕೂತೆ. ಮನೆಯೊಡತಿ ದ್ಯಾಮವ್ವ ನಲವತ್ತರ ಹೆಂಗಸು. ಕೂಲಿ ಕೆಲಸ, ತವರು ಶಿರಹಟ್ಟಿ, ಮನೆಯಲ್ಲಿ ಆರು ಜನ ಎಂದು ಬರೆಸುತ್ತಲೇ ಒಳಗೆ ಹೋಗಿ, ಒಂದು ತಾಟಿನ ತುಂಬ ಗಿರಮಿಟ್ ತಂದು ಮುಂದಿಟ್ಟಳು. ಬಿಸಿಲಲ್ಲಿ ತಿರುಗಿ ಹಸಿದಿದ್ದೆ. ಬರೆಯುತ್ತ ಬರೆಯುತ್ತ ತಿಂದೆ. ಅರ್ಧ ಮುಗಿಯುವಷ್ಟರಲ್ಲಿ ಚುರುಮುರಿಯ ಕೆಳಗೆ ಒಂದು ಅಕ್ಷರ ಕಂಡಿತು. ಕೊತ್ತಂಬರಿ ಸರಿಸಿದೆ, ಇನ್ನೊಂದು ಅಕ್ಷರ. ಡಿಸ್ಕಿನ ಅಡಿಭಾಗದಲ್ಲಿ ಹೆಸರು, ಫೋನ್ ನಂಬರು ಬರೆದುಕೊಳ್ಳುವುದು ಈ ಆಟದ ರೂಢಿ. ಡಿಸ್ಕನ್ನು ಬೋರಲು ಮಾಡಿದರೆ ಆ ಅಡಿಭಾಗವೇ ತಾಟಿನ ಒಳಮೈ. ಮಸಾಲೆಯ ಎಣ್ಣೆಯ ಕೆಳಗೆ, ತೊಳೆದು ತೊಳೆದು ಮಸುಕಾಗಿ, ನನ್ನದೇ ಕೈಬರಹದಲ್ಲಿ ನನ್ನದೇ ಹೆಸರು ನನ್ನನ್ನು ನೋಡುತ್ತಿತ್ತು. ಅಂಚು ಹಳದಿ.

ಪೆನ್ನು ಕೆಳಗಿಟ್ಟೆ. "ಈ ತಾಟು... ಎಲ್ಲಿಂದ ಬಂತವ್ವಾ?" ಎಂದೆ.

ಅವಳು ಸೆರಗಿನಲ್ಲಿ ನಕ್ಕಳು. "ನೀವ ಕೊಟ್ಟಿದ್ದಲ್ರಿ ಮಾಸ್ತರ್ರ. ನನಗ ನೀವು ಬಾಗಲಕ್ಕ ಬಂದಾಗ ಗುರುತ ಹತ್ತಿತ್ತು. ಅದಕ್ಕಂತ ಬೇಕಂತ ಅದರಾಗ ಹಾಕಿ ತಂದೆ. ನಿಮಗ ನನ್ನ ಗುರುತ ಹತ್ತಲಿಲ್ಲೇನು?"

"ನಾ ಕೊಟ್ಟೆ?"

"ಹೂಂ ಮತ್ತ. ನಾವು ಉಳ್ಳಾಗಡ್ಡಿ ಕೀಳಾಕ ಬರ್ತಿದ್ವಲ್ರಿ, ನಿಮ್ಮ ತಾಟು ಹಾರಿ ಬಂದು ನಮ್ಮ ನಡುವ ಬೀಳತಿದ್ವು. ತಂದು ಕೊಡಾಕ ಬಂದ್ರ ನೀವು ಈ ಕಡೆ ಹೊಳ್ಳಿ ಸುದ್ದಾ ನೋಡ್ತಿದ್ದಿಲ್ಲ. 'ಇರ್ಲಿ ನೀ ಇಟ್ಕೋ, ನನಗ ಬೇಕಾದಷ್ಟ ಅದಾವ' ಅಂತ ಕೈ ಹಿಂಗ ಮಾಡ್ತಿದ್ರಿ." ಅವಳು ಕೈ ಬೀಸಿ ತೋರಿಸಿದಳು. ಅದು ನನ್ನ ಕೈಬೀಸೇ. ತಡವಾಗಿ ಬಂದು ಬಾಗಿಲಲ್ಲಿ ನಿಂತವರನ್ನು, ಬೋರ್ಡಿನಿಂದ ಮುಖ ತಿರುಗಿಸದೆ, ಬೆಂಚಿಗೆ ಕಳಿಸುವ ಕೈಬೀಸು. ಅದನ್ನು ಯಾರೂ ಕಲ್ಪಿಸಿಕೊಂಡು ಹೇಳಲಾರರು.

"ಐದೂ?"

"ಐದೂ. ನಾವು ಐದ ಮಂದಿ ಇದ್ವಿ, ಒಬ್ಬೊಬ್ರಿಗೆ ಒಂದೊಂದು. ಮೊದಲ ಸಲ ನನಗ ಧೈರ್ಯ ಆಗಲಿಲ್ಲ, ನಿಮ್ಮ ಜೋಡಿ ಇದ್ದ ಸಾಬರ ಕಡೆ ಕೊಡಾಕ ಹೋದೆ. ಅವರು, 'ಮಾಸ್ತರ ಕೊಟ್ಟಾರ ಅಂದಮ್ಯಾಲ ಕೊಟ್ಟಾರ, ಒಯ್ಯವ್ವಾ' ಅಂದ್ರು."

ಆ ಮನೆಯ ಫಾರ್ಮನ್ನು ನಾನು ಎರಡು ಸಲ ಹರಿದು ಮತ್ತೆ ಬರೆದೆ. ಆರು ಜನರನ್ನು ಒಮ್ಮೆ ಐದು ಮಾಡಿದ್ದೆ, ಇನ್ನೊಮ್ಮೆ ಹದಿನಾಲ್ಕು. ಎದ್ದು ಹೊರಟಾಗ ದ್ಯಾಮವ್ವ ತಾಟು ತೊಳೆದು ತಂದು, "ಬೇಕಾಗಿತ್ತೇನ್ರಿ?" ಎಂದು ಮುಂದೆ ಹಿಡಿದಳು. ಆ ಸಲ ನಾನು ಅವಳ ಕಡೆಗೆ ಪೂರ್ತಿ ತಿರುಗಿ ನಿಂತು, ಎರಡೂ ಕೈಯಿಂದ ಅದನ್ನು ಅವಳ ಕೈಗೇ ಒತ್ತಿ ಬಂದೆ.

ಈಗ ನಿಮಗೆ ನಂಬಲು ಕಷ್ಟವಾಗುವ ಮಾತು. ಬಸ್ಸಿನಲ್ಲಿ ಗದಗಿಗೆ ಬರುವವರೆಗೂ ನೆನಪಿಸಿಕೊಳ್ಳಲು ಹೆಣಗಿದೆ. ಕೊಟ್ಟದ್ದು ನೆನಪಾಗಲಿಲ್ಲ, ಒಂದೂ ಆಗಲಿಲ್ಲ. ಬದಲಿಗೆ ಏಳನೆಯ ಕಂಬ, ಒರೆಸಿದ ಮಣ್ಣು, ಮೇವಿನ ಟ್ರ್ಯಾಕ್ಟರು ಮೊದಲಿಗಿಂತ ಹೆಚ್ಚು ಸ್ಪಷ್ಟವಾಗಿ ಬಂದು ನಿಂತವು. ಇಂದಿಗೂ ಬರುತ್ತವೆ. ನಡೆದದ್ದು ನನ್ನಲ್ಲಿಲ್ಲ, ನಡೆಯದ್ದು ಬಣ್ಣ ಸಮೇತ ಇದೆ. ಹದಿನಾಲ್ಕು ಡಿಸ್ಕ್ ಇಟ್ಟುಕೊಂಡವನಿಗೆ ಒಂದು ಕೈಬಿಟ್ಟದ್ದು ತಿಳಿಯುವುದೇ ಇಲ್ಲ. ಮನೆಗೆ ಬಂದು ಎಣಿಸಿದಾಗ ಮಾತ್ರ ತಿಳಿಯುತ್ತದೆ, ಆಗ ನಡುವಿನ ಖಾಲಿ ಜಾಗಕ್ಕೆ ಅವನು ಏನು ಬೇಕಾದರೂ ತುಂಬಿಕೊಳ್ಳಬಲ್ಲ. ನಾನು ಒಬ್ಬ ಕಳ್ಳನನ್ನು ತುಂಬಿಕೊಂಡಿದ್ದೆ. ಅದಕ್ಕಿಂತ ಗಾಬರಿಯ ಸಂಗತಿ ಇನ್ನೊಂದಿತ್ತು. ಮಕ್ತುಮಸಾಬರಿಗೆ ಎಲ್ಲ ಗೊತ್ತಿತ್ತು. ಚೀಲ ಬೋರಲು ಹಾಕುವಾಗಲೂ ಗೊತ್ತಿತ್ತು.

ಬಸ್ಸಿಳಿದು ಮನೆಗೆ ಹೋಗದೆ ಬೆಟಗೇರಿಗೆ ಹೋದೆ. ಅವರು ತಗಡು ಕತ್ತರಿಸುತ್ತಿದ್ದರು. ಮುಳಗುಂದದಲ್ಲಿ ನಡೆದದ್ದನ್ನೆಲ್ಲ ನಿಂತೇ ಹೇಳಿದೆ. ಕತ್ತರಿ ನಿಲ್ಲಲಿಲ್ಲ.

"ಅವತ್ತ ಯಾಕ ಹೇಳಲಿಲ್ರಿ ಸಾಬ್ರ? 'ನೀವ ಕೊಟ್ಟೀರಿ' ಅಂತ ಒಂದ ಮಾತು?"

ಅವರು ತಗಡನ್ನು ಮುಗಿಸಿ, ಅಂಚಿನ ಮೇಲೆ ಬೆರಳಾಡಿಸಿ ಕೆಳಗಿಟ್ಟರು. "ನೀವು ಚೀಲ ಕೇಳಿದ್ರಿ, ಚೀಲ ತೋರಿಸ್ದೆ. ನನ್ನ ಕೇಳಿದ್ರ ನಾ ಹೇಳ್ತಿದ್ದೆ."

ಇದಕ್ಕೆ ಉತ್ತರವಾಗಿ ನಾನು ಏನೋ ಹೇಳಿದೆ, ತಪ್ಪಾಯಿತು ಎಂಬ ಅರ್ಥದ್ದು. ಏನು ಹೇಳಿದೆನೆಂದು ಬರೆಯುವುದಿಲ್ಲ. ನನ್ನ ನೆನಪು ಅದನ್ನು ಚೆಂದ ಮಾಡಿಟ್ಟಿರುತ್ತದೆ. ರವಿವಾರ ಬರಬೇಕೆಂದು ಕೇಳಿಕೊಂಡೆ. "ನೋಡೂಣ್ರಿ" ಎಂದರು. ಚಹಾ ತರಿಸಲಿಲ್ಲ. ಅದನ್ನು ಹೇಗೆ ತಿಳಿಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಮೂರನೆಯ ರವಿವಾರ ಬಂದರು. ಮೊದಲಿನಂತೆಯೇ ಆಡಿದರು, ಮೊದಲಿನಂತೆಯೇ ಗೆದ್ದರು, ನನ್ನದೊಂದು ಎಸೆತ ಜಾಲಿಗೆ ಸಿಕ್ಕಾಗ "ಹಕ್ಕಿ ಗೂಡಿಗೆ ಹೋತ್ರಿ" ಎಂದು ಹಂಗಿಸಿದರು. ಎಲ್ಲ ಸರಿಹೋಯಿತೆಂದು ನಾನು ಬೇವಿನ ಕೆಳಗೆ ಕೂತು ಬೂಟು ಸಡಿಲಿಸುತ್ತಿದ್ದಾಗ ಅವರು ತಮ್ಮ ಚೀಲವನ್ನು ಬಿಚ್ಚಿ ನೆಲಕ್ಕೆ ಬೋರಲು ಹಾಕಿದರು. ಟವೆಲು, ಬಾಟಲಿ, ಕೀಲಿ, ಡಿಸ್ಕು. ಎರಡು ಸಲ ಝಾಡಿಸಿದರು. "ಇದೇನ್ರಿ ಸಾಬ್ರ, ಬ್ಯಾಡ್ರಿ" ಎಂದರೆ, "ನಿಮಗ ನೆನಪ ಇರಂಗಿಲ್ಲಲ್ರಿ, ಕಣ್ಣಾರೆ ನೋಡಿ ಇಟ್ಕೋರಿ" ಎಂದರು. ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಅಂಗಡಿ ಮುಚ್ಚುವಾಗ ಬೀಗ ಎಳೆದು ನೋಡುವವರ ಧಾಟಿ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಬೇರೆ ದಾರಿ ಕಾಣದೆ ನಾನೂ ನನ್ನ ಚೀಲವನ್ನು ಅವರ ಮುಂದೆ ಬೋರಲು ಹಾಕತೊಡಗಿದೆ. ಉಳಿದಿದ್ದ ಒಂಬತ್ತೂ ಡಿಸ್ಕ್ ಒಂದೊಂದು ದಿಕ್ಕಿಗೆ ಉರುಳುತ್ತಿದ್ದವು. ಹೆಕ್ಕಿ, ಒರೆಸಿ, ತುಂಬುವವರೆಗೆ ಅವರು ಸೈಕಲ್ ಹಿಡಿದು ಬಿಸಿಲಲ್ಲಿ ನಿಂತಿರುತ್ತಿದ್ದರು. ನಾಚಿಕೆಗೆ ಒಂಬತ್ತು ಆರಾಯಿತು, ಆರು ನಾಲ್ಕಾಯಿತು. ಗಾಳಿಗೂ ಈ ಲೆಕ್ಕಕ್ಕೂ ಸಂಬಂಧ ಕಡಿದು ಆಗಲೇ ಎಷ್ಟೋ ತಿಂಗಳಾಗಿದ್ದವು.

ಹೋದ ರವಿವಾರ ನಾನು ಮೊದಲು ಚೀಲ ಸುರಿದೆ. ಅವರು ಬಾಗಿ ನೋಡಿ, "ಮೂರ ಅದಾವಲ್ರಿ ಮಾಸ್ತರ್ರ" ಎಂದರು.

ಎಣಿಸಿದೆ. ಮೂರು. ಬೆಳಿಗ್ಗೆ ನಾಲ್ಕು ಹಾಕಿಕೊಂಡದ್ದು ಖಂಡಿತ. ಕೆಂಪು ಡಿಸ್ಕನ್ನು ಚೀಲಕ್ಕೆ ಹಾಕಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಹಾಗೆ ಕಟ್ಟಿದಂತಿದ್ದದ್ದಕ್ಕೇ ಅದನ್ನು ನಂಬಲಿಲ್ಲ. ಪಕ್ಕದಲ್ಲಿ ಅವರ ಚೀಲ ಬಾಯಿ ಕಟ್ಟಿಕೊಂಡು ಕೂತಿತ್ತು. ನಾನು ಅದರ ಕಡೆ ನೋಡಲಿಲ್ಲ. ಅವರ ಮುಖ ನೋಡಿ, "ಸಾಬ್ರ, ನಾಲ್ಕನೇದು ಎಲ್ಲಿ ಬಿಟ್ಟೆ ನಾನು?" ಎಂದು ಕೇಳಿದೆ.

"ಒಂಬತ್ತನೇ ಬುಟ್ಟಿಯೊಳಗ," ಎಂದರು. "ಎಸೆತದ ಲೆಕ್ಕಕ್ಕ ನನ್ನ ಕೂಡ ಜಗಳಾ ತೆಗೆಯೂ ಭರದಾಗ ತಗೊಳ್ಳೂದ ಮರತ್ರಿ. ಹೋಗ್ರಿ, ಜಲ್ದಿ ತಗೊಂಡ ಬರ್ರಿ."

ಮೊಣಕಾಲು ಮರೆತು ಓಡಿದೆ. ಇತ್ತು. ತಿರುಗಿ ಬರುವಷ್ಟರಲ್ಲಿ ಅವರು ಚೀಲವನ್ನು ಹೆಗಲಿಗೇರಿಸಿಕೊಂಡು ಸೈಕಲ್ಲಿನ ಮೇಲೆ ಒಂದು ಕಾಲು ಹಾಕಿದ್ದರು. ಗಂಟು ಬಿಚ್ಚಿರಲಿಲ್ಲ.

"ಚೀಲಾ?" ಎಂದೆ, ದಮ್ಮು ಹಿಡಿಯುತ್ತ.

"ಅಂಗಡಿ ಹೊತ್ತಾತ್ರಿ," ಎಂದರು. "ಮುಂದಿನ ವಾರ ಗಾಳಿ ಜೋರ ಇರ್ತೈತಿ. ಇನ್ನೊಂದೆರಡ ಹೆಚ್ಚ ತರ್ರಿ."