ಗ್ರಾಟ್ಸ್ ಗುಡ್ಡದ ಗಡಿಯಾರ

ಡಲಸ್ ಏರ್‌ಪೋರ್ಟಿಗೆ ಹೊರಡುವ ಮುಂಚೆ ಪಕ್ಕದ ಮನೆಯ ಹೆಡಿ ಆಂಟಿಗೆ ಹೇಳಿ ಬರೋಣವೆಂದು ಹೋದೆ. ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹಳಬರು ಅವರೇ. ವಯಸ್ಸು ಎಂಬತ್ತಾರು, ಹುಟ್ಟಿದ್ದು ಆಸ್ಟ್ರಿಯಾದ ಗ್ರಾಟ್ಸ್ ಎಂಬ ಊರಿನಲ್ಲಿ. ನಾವು ಹೊರಟಿದ್ದೂ ಅಲ್ಲಿಗೇ. ನಮ್ಮವರು ಇಲ್ಲಿನ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಾರೆ. ಗ್ರಾಟ್ಸ್‌ನಲ್ಲಿ ಅವರಿಗೆ ಮೂರು ದಿನದ ವರ್ಕ್‌ಶಾಪ್, ಅವರ ಹಿಂದೆ ಬಾಲದ ಹಾಗೆ ನಾನು.

ಆಂಟಿಯ ಹಾಲ್ ತುಂಬ ರಟ್ಟಿನ ಪೆಟ್ಟಿಗೆಗಳು. ಅವುಗಳ ನಡುವೆ ಒಂದು ಕುರ್ಚಿಯಲ್ಲಿ ಆಂಟಿ ಕೋಟು ಹಾಕಿಕೊಂಡು ಕೂತಿದ್ದರು. "ನಿಮ್ಮೂರಿಂದ ಏನು ತರ್ಲಿ ಆಂಟಿ?" ಎಂದೆ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಇಲ್ಲಿ ನಮ್ಮ ಮಾತಿಗೆ ತಿರುಗಿಸಿಕೊಂಡು ಬರೆಯುತ್ತಿದ್ದೇನೆ.

"ಎಣ್ಣೆ. ಕುಂಬಳ ಬೀಜದ್ದು. ಒಂದೇ ಬಾಟಲಿ ಸಾಕು" ಎಂದರು. ನಾನು ಬಾಗಿಲು ದಾಟುವಾಗ ಮತ್ತೆ ಕೂಗಿದರು. "ಸುಮಾ, ಗುಡ್ಡದ ಒಳಗೆ ಹೋದ್ರೆ ಸ್ವೆಟರ್ ಹಾಕ್ಕೋ. ತುಂಬಾ ಚಳಿ."

ಗುಡ್ಡದ ಮೇಲೆ ಅಂದರೆ ಸರಿ. ಗುಡ್ಡದ ಒಳಗೆ ಯಾರಾದರೂ ಹೋಗುತ್ತಾರೆಯೇ? ಪಾಪ, ತಲೆ ಪೂರ್ತಿ ಕೆಟ್ಟಿತು ಎಂದುಕೊಂಡು ಕಾರು ಹತ್ತಿದೆ.

ಆ ಪೆಟ್ಟಿಗೆಗಳಿಗೆ ಅರ್ಧ ಕಾರಣ ನಾನೇ. ಆಂಟಿಯ ಒಬ್ಬನೇ ಮಗ ಪೀಟರ್ ಇರುವುದು ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ. ಬೇಸಿಗೆಯಲ್ಲಿ ಒಮ್ಮೆ ಆಂಟಿ ಸ್ಟವ್ ಆಫ್ ಮಾಡುವುದನ್ನು ಮರೆತಾಗಿನಿಂದ ಅವನಿಗೆ ಭಯ. ಸೆಪ್ಟೆಂಬರಿನಲ್ಲಿ ಅವರನ್ನು ಕ್ಲಿನಿಕ್ಕಿಗೆ ಮರೆವಿನ ಪರೀಕ್ಷೆಗೆ ಡ್ರೈವ್ ಮಾಡಿಕೊಂಡು ಹೋದದ್ದು ನಾನು. ಡಾಕ್ಟರ್ ಐದು ಪದ ಹೇಳಿ, ಆಮೇಲೆ ನೆನಪು ಮಾಡಿಕೊಳ್ಳಿ ಎಂದರು. ಆಂಟಿ ಎರಡು ಬಿಟ್ಟರು. ನಾನು ಮನಸ್ಸಿನಲ್ಲೇ ಹೇಳಿಕೊಂಡು ಮೂರು ಬಿಟ್ಟಿದ್ದೆ, ಅದು ಬೇರೆ ಮಾತು. ಆಮೇಲೆ ಒಂದು ಗಡಿಯಾರ ಬರೆದು ಹನ್ನೊಂದೂ ಹತ್ತು ತೋರಿಸಿ ಎಂದರು. ಆಂಟಿ ಬಳೆಯಂಥ ದುಂಡು ಬರೆದು, ಹನ್ನೆರಡು ಅಂಕಿಗಳನ್ನೂ ಇಟ್ಟು, ಉದ್ದದ ಮುಳ್ಳನ್ನು ಹನ್ನೊಂದಕ್ಕೂ ಗಿಡ್ಡ ಮುಳ್ಳನ್ನು ಎರಡಕ್ಕೂ ಎಳೆದರು. ಉಲ್ಟಾ! ಡಾಕ್ಟರ್ ಅದನ್ನೂ ಬರೆದುಕೊಂಡರು.

ಮನೆಗೆ ಬಂದವಳು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಪೀಟರ್‌ಗೆ ಫೋನ್ ಮಾಡಿ, "ಗಡಿಯಾರಾನೇ ಉಲ್ಟಾ ಬರೆದ್ಬಿಟ್ರು. ಇನ್ನು ಒಂಟಿಯಾಗಿ ಬಿಡೋದು ಕಷ್ಟ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹದಿನೈದೇ ದಿನದಲ್ಲಿ ಪೀಟರ್ ತನ್ನ ಮನೆ ಹತ್ತಿರ ಮರೆವಿನವರನ್ನು ನೋಡಿಕೊಳ್ಳುವ ಒಂದು ಜಾಗ ಗೊತ್ತು ಮಾಡಿದ. ಅಲ್ಲಿ ಬಾಗಿಲಿಗೆ ನಂಬರ್ ಬೀಗ. ಒಳಗಿನವರು ತಾವಾಗಿ ಹೊರಗೆ ಬರುವಂತಿಲ್ಲ. ಆಂಟಿ ಬೇಡವೇ ಬೇಡ ಎಂದರು. ಬೇಡವೆನ್ನುವುದೂ ಕಾಯಿಲೆಯ ಲಕ್ಷಣವೇ ಎಂದರಂತೆ ಡಾಕ್ಟರು. ನಾವು ವಾಪಸ್ಸು ಬರುವ ಮರುದಿನ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಾಮಾನಿನ ಲಾರಿ ಬರುವುದಿತ್ತು.

ಭಾನುವಾರ ಸಂಜೆ ಹೊರಟ ವಿಮಾನ ಒಂಬತ್ತು ಗಂಟೆ ಹಾರಿ ಸೋಮವಾರ ಬೆಳಿಗ್ಗೆ ವಿಯೆನ್ನಾದಲ್ಲಿ ಇಳಿಸಿತು. ಅಲ್ಲಿಂದ ಗ್ರಾಟ್ಸ್‌ಗೆ ಟ್ರೇನಿನಲ್ಲಿ ಎರಡೂವರೆ ಗಂಟೆಗೂ ಸ್ವಲ್ಪ ಹೆಚ್ಚು, ಟಿಕೆಟ್ಟಿಗೆ ತಲಾ ನಲವತ್ತು ಯೂರೋ. ಕಟ್ಟಿಕೊಂಡು ಹೋಗಿದ್ದ ಚಪಾತಿ, ಚಟ್ನಿಪುಡಿ ಬಿಚ್ಚುವಷ್ಟರಲ್ಲಿ ಟ್ರೇನು ಬೆಟ್ಟ ಹತ್ತತೊಡಗಿತು. ಕಲ್ಲಿನ ಕಮಾನುಗಳ ಸೇತುವೆ, ಸುರಂಗ, ಮತ್ತೆ ಸೇತುವೆ. ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದವಳಿಗೆ ಎದೆ ಧಸಕ್ಕೆಂದಿತು. ನೂರೆಪ್ಪತ್ತು ವರ್ಷದ ಹಿಂದೆ ಹಾಕಿದ ದಾರಿಯಂತೆ ಇದು!

"ಕೆಳಗೆ ನೋಡ್ಬೇಡ ಕಣೇ, ಚಪಾತಿ ನೋಡು" ಎಂದರು ನಮ್ಮವರು.

ಗ್ರಾಟ್ಸ್ ಆಸ್ಟ್ರಿಯಾದ ಎರಡನೆಯ ದೊಡ್ಡ ಊರು. ದೊಡ್ಡದು ಎಂದರೆ ನಮ್ಮ ಮೈಸೂರಿನ ಮುಂದೆ ಏನೂ ಅಲ್ಲ, ಮೂರು ಲಕ್ಷದಷ್ಟು ಜನ. ಮೂರು ಕಡೆ ಬೆಟ್ಟಸಾಲು, ದಕ್ಷಿಣಕ್ಕೆ ಮಾತ್ರ ಬಯಲು. ಮಧ್ಯದಲ್ಲಿ ಮುರ್ ಎಂಬ ನದಿ ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಓಡುತ್ತದೆ. ನದಿಯ ಪಕ್ಕದಲ್ಲೇ, ಊರಿನ ಹೊಟ್ಟೆಯಲ್ಲಿ ಒಂದು ಗುಡ್ಡ. ಅದರ ಹೆಗಲ ಮೇಲೆ ಗಡಿಯಾರದ ಗೋಪುರ. ಕೆಂಪು ಹೆಂಚಿನ ಹಳೆ ಊರಿನ ಯಾವ ಗಲ್ಲಿಯಲ್ಲಿ ನಿಂತರೂ ಅದು ತಲೆಯೆತ್ತಿ ನಿಮ್ಮನ್ನು ನೋಡುತ್ತದೆ. ಹೋಟೆಲಿನ ಬಾಗಿಲಲ್ಲಿ ನಿಂತು ನೋಡಿದೆ; ಮುಳ್ಳುಗಳಿಗೂ ನನ್ನ ಫೋನಿಗೂ ತಾಳಮೇಳ ಇರಲಿಲ್ಲ.

"ರೀ, ಇಷ್ಟು ಚೆಂದದ ಗಡಿಯಾರ, ಕೆಟ್ಟು ಕೂತಿದೆ ನೋಡಿ. ರಿಪೇರಿ ಮಾಡ್ಸೋರಿಲ್ಲ" ಎಂದೆ. ನಮ್ಮವರಿಗೆ ನಿದ್ದೆ ಎಳೆಯುತ್ತಿತ್ತು, ಹೂಂ ಎಂದರು.

ಮಂಗಳವಾರ ಅವರು ವರ್ಕ್‌ಶಾಪಿಗೆ ಹೋದರು, ನಾನು ಊರು ಸುತ್ತಲು ಹೊರಟೆ. ಹಳೆ ಊರಿನ ಎರಡು ಚೌಕಗಳ ನಡುವೆ ಟ್ರ್ಯಾಮ್ ಪುಕ್ಕಟೆ. ನಂಬಿಕೆಯಾಗದೆ ಎರಡು ಸಲ ಹತ್ತಿ ಇಳಿದೆ. ಆಯುಧಶಾಲೆಗೆ ಹೋದೆ. ಟರ್ಕರ ದಾಳಿಗೆ ಹೆದರಿ ನಾನೂರು ವರ್ಷದ ಹಿಂದೆ ಕೂಡಿಟ್ಟ ಈಟಿ, ಕೋವಿ, ಕಬ್ಬಿಣದ ಅಂಗಿಗಳು, ನಾಲ್ಕು ಮಹಡಿ, ಮೂವತ್ತು ಸಾವಿರಕ್ಕೂ ಮೇಲೆ! ಅಡುಗೆಮನೆಯಲ್ಲಿ ಸೌಟು ತೂಗುಹಾಕಿದಷ್ಟು ಒಪ್ಪವಾಗಿ ತೂಗುಹಾಕಿದ್ದರು. ಇಷ್ಟು ಚೊಕ್ಕವಾಗಿ ಕೊಲ್ಲಲು ಸಿದ್ಧವಾಗಿದ್ದ ಊರೇ ಇದು ಎನಿಸಿತು.

ಹೊರಗೆ ಬಂದು ಐಸ್‌ಕ್ರೀಮ್ ಕೇಳಿದರೆ ಅಂಗಡಿಯವಳು ಅದರ ಮೇಲೆ ಕಡುಹಸಿರು ಎಣ್ಣೆ ಸುರಿದಳು. "ಅಯ್ಯಯ್ಯೋ!" ಎಂದು ಕನ್ನಡದಲ್ಲೇ ಕೂಗಿದೆ. ಅದೇ ಆಂಟಿ ಹೇಳಿದ ಕುಂಬಳ ಬೀಜದ ಎಣ್ಣೆ. ನೋಡಲು ಕೀಲೆಣ್ಣೆ, ಬಾಯಿಗಿಟ್ಟರೆ ಹುರಿದ ಕಡಲೆಕಾಯಿಯ ಘಮ. ಬಟ್ಟಲಿನ ತಳ ಕೆರೆದು ತಿಂದೆ. ಪಕ್ಕದ ಅಂಗಡಿಯಲ್ಲಿ ಒಂದು ಬಾಟಲಿ ಕೊಂಡು, ತುಪ್ಪ ಉಪ್ಪಿನಕಾಯಿ ಕಟ್ಟುವ ನಮ್ಮ ಪದ್ಧತಿಯಂತೆ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ನಮ್ಮವರ ಪ್ಯಾಂಟಿನ ಕಾಲೊಳಗೆ ತುರುಕಿಟ್ಟೆ.

ಬುಧವಾರ ಗುಡ್ಡಕ್ಕೆ ಹೊರಟೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಬುಡದಲ್ಲಿ ಬಂಡೆಯೊಳಗೆ ಒಂದು ಬಾಗಿಲು ಕಂಡಿತು, ಜನ ಸರಾಗವಾಗಿ ಒಳಗೆ ಹೋಗುತ್ತಿದ್ದರು. ನಾನೂ ಹೋದೆ. ಹತ್ತು ಹೆಜ್ಜೆಗೆ ಮೈ ನಡುಗಿತು. ಹೊರಗೆ ಬಿಸಿಲು, ಒಳಗೆ ನೆಲಮಾಳಿಗೆಯ ಥಂಡಿ. ಸ್ವೆಟರ್ ಹೋಟೆಲಿನಲ್ಲಿತ್ತು.

ಗೋಡೆಯ ಫಲಕ ಓದಿದೆ. ಎರಡನೆಯ ಮಹಾಯುದ್ಧದಲ್ಲಿ ಈ ಗುಡ್ಡವನ್ನು ಕೊರೆದು ಕಿಲೋಮೀಟರುಗಟ್ಟಲೆ ಸುರಂಗ ಮಾಡಿದ್ದರು. ಬಾಂಬು ಬೀಳುವಾಗ ಊರಿನವರು ಸಾವಿರಾರು ಜನ ಇದರೊಳಗೆ ಕೂರುತ್ತಿದ್ದರು. ಕೊರೆಯಲು ಸೆರೆಯಾಳುಗಳನ್ನೂ ದುಡಿಸಿಕೊಂಡಿದ್ದರಂತೆ. ಹೆಡಿ ಆಂಟಿಗೆ ಆಗ ಆರೇಳು ವರ್ಷ. ಗುಡ್ಡದ ಒಳಗೆ ತುಂಬಾ ಚಳಿ. ಮರೆವಲ್ಲ ಅದು, ನೆನಪು! ಎಂಬತ್ತು ವರ್ಷದ ಹಿಂದಿನ ಚಳಿಗೆ ಅವರು ನನಗೆ ಸ್ವೆಟರ್ ಹಾಕಿಕೋ ಎಂದಿದ್ದರು, ನಾನು ತಲೆ ಕೆಟ್ಟಿದೆ ಎಂದುಕೊಂಡು ಕಾರು ಹತ್ತಿದ್ದೆ. ಈಗ ಅದೇ ಗುಡ್ಡದೊಳಗೆ ದೊಡ್ಡದೊಂದು ಜಾರುಬಂಡಿ ಮಾಡಿದ್ದಾರೆ. ಮೇಲಿನಿಂದ ಮಕ್ಕಳು ಕಿರುಚುತ್ತ ಜಾರಿ ಬರುತ್ತಿದ್ದರು. ನಗುವಿನ ಕಿರುಚಾಟವೇ, ಆದರೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೊರಗೆ ಬಂದು ಮೆಟ್ಟಿಲು ಹತ್ತಿದೆ. ಬಂಡೆಗೆ ಅಂಟಿಕೊಂಡು ಸೊಟ್ಟಸೊಟ್ಟಗೆ ಏರುವ ಇನ್ನೂರ ಅರವತ್ತು ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದ ಕಾಲು ಎಂಬ ಜಂಬ ಅರ್ಧಕ್ಕೇ ಇಳಿಯಿತು. ಮೇಲೆ ಮೊದಲು ದೊಡ್ಡ ಕೋಟೆಯಿತ್ತು. 1809ರಲ್ಲಿ ಮುತ್ತಿಗೆ ಹಾಕಿದ ಫ್ರೆಂಚರಿಗೆ ಯುದ್ಧದಲ್ಲಿ ಅದು ದಕ್ಕಲೇ ಇಲ್ಲ. ಕೊನೆಗೆ ಒಪ್ಪಂದದ ಕಾಗದದಲ್ಲಿ ಬರೆಸಿಕೊಂಡು ಕೆಡವಿಸಿದರು. ಗಡಿಯಾರದ ಗೋಪುರವೂ ಹೋಗುವುದಿತ್ತು. ಊರಿನವರು ದುಡ್ಡು ಕೂಡಿಸಿ ಕೊಟ್ಟು ಬಿಡಿಸಿಕೊಂಡರು. ಕೋಟೆ ಹೋದರೆ ಹೋಗಲಿ, ಗಡಿಯಾರ ಬಿಡೆವು ಎಂದ ಜನ!

ಗೋಪುರದ ಕೆಳಗೆ ಒಂದು ಬೆಂಚು. ಅಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಚಾಕುವಿನಿಂದ ಸೇಬು ಹೆಚ್ಚುತ್ತ ಕೂತಿದ್ದಳು. ನಾನು ಫೋನ್ ಎತ್ತಿ ಗೋಪುರದ ಫೋಟೋ ತೆಗೆದೆ. ಅಷ್ಟರಲ್ಲಿ ಮೇಲಿನ ಗಂಟೆ ಎರಡು ಸಲ ಹೊಡೆಯಿತು. ಗಡಿಯಾರ ನೋಡಿದರೆ ಹನ್ನೆರಡೂ ಹತ್ತು. ಗಿಡ್ಡ ಮುಳ್ಳು ನೆಟ್ಟಗೆ ಹನ್ನೆರಡರ ಮೇಲೆ, ಉದ್ದದ್ದು ಎರಡರ ಮೇಲೆ. ಫೋನ್ ನೋಡಿದರೆ ಸರಿಯಾಗಿ ಎರಡು.

"ಇದು ಕೆಟ್ಟಿದೆಯಾ?" ಎಂದು ಆ ಹೆಂಗಸನ್ನು ಇಂಗ್ಲಿಷಿನಲ್ಲಿ ಕೇಳಿದೆ.

ಅವಳು ನಕ್ಕಳು. "ಬಂದವರೆಲ್ಲ ಇದನ್ನೇ ಕೇಳ್ತಾರೆ. ಇಲ್ಲಿ ದೊಡ್ಡದು ಗಂಟೆ ಮುಳ್ಳು, ಚಿಕ್ಕದು ನಿಮಿಷದ್ದು. ಮೊದಲು ಇದ್ದಿದ್ದೇ ಒಂದು ಮುಳ್ಳು, ಗಂಟೆಯದ್ದು. ಕೆಳಗಿನ ಊರಿಗೆಲ್ಲ ಕಾಣ್ಲಿ ಅಂತ ದೊಡ್ಡದಾಗಿ ಮಾಡಿದ್ರು. ನಿಮಿಷದ್ದು ಆಮೇಲೆ ಬಂತು, ಅದಕ್ಕೆ ಚಿಕ್ಕದು. ನನ್ನ ಮೊಮ್ಮಗಳೂ ಸ್ಕೂಲಲ್ಲಿ ಹೀಗೇ ಬರೆದು ತಪ್ಪು ಅನ್ನಿಸ್ಕೊಂಡ್ಲು."

ಬೆಂಚಿನ ತುದಿಯಲ್ಲಿ ಕೂತೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬ್ಯಾಗಿನಿಂದ ಪೆನ್ನು ತೆಗೆದು, ಟಿಕೆಟ್ಟಿನ ಹಿಂದೆ ಒಂದು ದುಂಡು ಬರೆದು, ಆಂಟಿ ಎಳೆದ ಹಾಗೆಯೇ ಉದ್ದದ ಮುಳ್ಳು ಹನ್ನೊಂದಕ್ಕೆ, ಗಿಡ್ಡದ್ದು ಎರಡಕ್ಕೆ ಎಳೆದು ಅವಳ ಮುಂದೆ ಹಿಡಿದೆ. "ಇಲ್ಲಿ ಟೈಮ್ ಎಷ್ಟು?"

"ಹನ್ನೊಂದೂ ಹತ್ತು" ಎಂದಳು, ಸೇಬಿನಿಂದ ಚಾಕು ಎತ್ತದೆ.

ನನಗೆ ಅಳು ಬಂದುಬಿಟ್ಟಿತು. ಅವಳು ಗಾಬರಿಯಾಗಿ ಒಂದು ಹೋಳು ಸೇಬು ಕೊಟ್ಟಳು. ಅಯ್ಯೋ ನನ್ನ ಬುದ್ಧಿಗಿಷ್ಟು! ಕ್ಲಿನಿಕ್ಕಿನಲ್ಲಿ ಆ ಮುಳ್ಳು ನೋಡಿ ಇವರಿಗೆ ಏನೂ ತಿಳಿಯುತ್ತಿಲ್ಲ ಎಂದುಕೊಂಡವಳು ನಾನು. ಫೋನ್ ಮಾಡಿ ಹೇಳಿದವಳೂ ನಾನು. ಕೆಟ್ಟಿದ್ದು ಈ ಗಡಿಯಾರವೂ ಅಲ್ಲ, ಆಂಟಿಯೂ ಅಲ್ಲ.

ಅಲ್ಲಿಂದಲೇ ಪೀಟರ್‌ಗೆ ಫೋನ್ ಮಾಡಿದೆ. ಶಾರ್ಲಟ್‌ನಲ್ಲಿ ಆಗ ಬೆಳಿಗ್ಗೆ ಎಂಟು, ಅವನು ಕೆಲಸಕ್ಕೆ ಡ್ರೈವ್ ಮಾಡುತ್ತಿದ್ದ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವನು ಮರ್ಯಾದಸ್ಥ, ಪೂರ್ತಿ ಕೇಳಿಸಿಕೊಂಡ.

"ಸುಮಾ, ನಿಮಗೆ ಬೇಜಾರಾಗಿದೆ, ನಂಗೆ ಅರ್ಥ ಆಗುತ್ತೆ" ಎಂದ. "ಆದ್ರೆ ಅಮ್ಮ ಅಮೆರಿಕಕ್ಕೆ ಬಂದು ಅರವತ್ತು ವರ್ಷ ಆಯ್ತು. ಅಡುಗೆಮನೆ ಗಡಿಯಾರ ದಿನಾ ಸರಿಯಾಗೇ ನೋಡ್ತಾಳೆ. ಕ್ಲಿನಿಕ್ಕಲ್ಲಿ ಮಾತ್ರ ಹಳೇದು ಯಾಕೆ ಬರೀಬೇಕು? ಲಾರಿ ಬುಕ್ ಆಗಿದೆ."

ಆ ಸಂಜೆ ನಮ್ಮವರಿಗೆ ಹೇಳಿದೆ. "ಫೋಟೋ ಇದ್ಯಲ್ಲ, ತೋರ್ಸು. ಅವ್ರನ್ನೇ ಕೇಳು. ಇಷ್ಟು ದಿನ ಎಲ್ರೂ ಅವ್ರ ಬಗ್ಗೆ ಮಾತಾಡಿದ್ರಿ, ಅವ್ರನ್ನ ಯಾರೂ ಕೇಳ್ಲಿಲ್ಲ" ಎಂದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರು ಹೇಳಿದ್ದು ಒಂದೇ ಸಲಕ್ಕೆ ಸರಿ ಎಂದು ಒಪ್ಪಿದ್ದು ಅಂದೇ.

ಗುರುವಾರ ವಿಯೆನ್ನಾಕ್ಕೆ ಹಿಂತಿರುಗಿದೆವು. ಟ್ರೇನು ಊರು ಬಿಡುವಾಗ ಗೋಪುರ ಕಿಟಕಿಯಲ್ಲಿ ಇನ್ನೊಮ್ಮೆ ಕಂಡಿತು. ಈ ಸಲ ಟೈಮ್ ಸರಿಯಾಗಿ ಓದಿದೆ, ನಾಲ್ಕೂ ಇಪ್ಪತ್ತು. ಶುಕ್ರವಾರ ಮಧ್ಯಾಹ್ನ ಡಲಸ್, ಅಲ್ಲಿಂದ ಮನೆ. ಎಣ್ಣೆ ಒಂದು ತೊಟ್ಟೂ ಸೋರಿರಲಿಲ್ಲ.

ಶನಿವಾರ ಒಂಬತ್ತೂವರೆಗೆ ಬಾಟಲಿ, ಫೋನ್ ಹಿಡಿದು ಓಡಿದೆ. ಲಾರಿ ಆಗಲೇ ಬಂದು ನಿಂತಿತ್ತು. ಪೀಟರ್ ಪೆಟ್ಟಿಗೆಗೆ ಟೇಪ್ ಹಚ್ಚುತ್ತಿದ್ದ. ಆಂಟಿ ಅದೇ ಕುರ್ಚಿ, ಅದೇ ಕೋಟು. ನಾನು ಮೊದಲು ಪೀಟರ್ ಮುಂದೆ ಫೋನಿನಲ್ಲಿದ್ದ ಗೋಪುರದ ಫೋಟೋ ಹಿಡಿದೆ. "ಇದ್ರಲ್ಲಿ ಟೈಮ್ ಎಷ್ಟು?"

"ಹನ್ನೆರಡೂ ಹತ್ತು" ಎಂದ. ಕತೆಯೆಲ್ಲ ಕೇಳಿದವನಿಗೂ ಬಾಯಿಗೆ ಬಂದದ್ದು ಅದೇ.

ಫೋನನ್ನು ಆಂಟಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡರು, ಮುಖವೆಲ್ಲ ಅರಳಿತು. "ಎರಡು ಗಂಟೆ" ಎಂದರು. "ನಮ್ಮನೇಲಿ ಗಡಿಯಾರ ಇರ್ಲಿಲ್ಲ ಪೀಟರ್. ಕಿಟಕಿ ತೆಗೆದು ಇದನ್ನ ನೋಡ್ತಿದ್ವಿ. ಅಪ್ಪ ಕಲಿಸಿದ್ದು."

ಪೀಟರ್ ಟೇಪು ಹಿಡಿದುಕೊಂಡೇ ನಿಂತಿದ್ದ. "ಮತ್ತೆ ಅಲ್ಲಿ, ಕ್ಲಿನಿಕ್ಕಲ್ಲಿ, ಮಾಮೂಲಿ ಗಡಿಯಾರ ಯಾಕೆ ಬರೀಲಿಲ್ಲ ಅಮ್ಮ?"

"ಒಂದು ಗಡಿಯಾರ ಬರೀರಿ ಅಂದ್ರು. ಯಾವ್ದು ಅಂತ ಹೇಳ್ಲಿಲ್ಲ."

ಪೀಟರ್ ಒಂದು ಪೆಟ್ಟಿಗೆಯ ಮೇಲೆ ಕೂತ. ಆಮೇಲೆ ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದೆ, ಡ್ರೈವರ್ ಜೊತೆ ಏನೋ ಮಾತಾಡಿದ, ಕೈ ಕುಲುಕಿದ. ಲಾರಿ ಖಾಲಿಯಾಗಿಯೇ ತಿರುಗಿಕೊಂಡು ಹೋಯಿತು. ಒಳಗೆ ಬಂದವನು, "ಬೇರೆ ಡಾಕ್ಟರ್ ಹತ್ರ ಇನ್ನೊಂದು ಸಲ ತೋರಿಸೋಣ. ಅಲ್ಲಿವರೆಗೂ ಇಲ್ಲೇ ಇರ್ಲಿ" ಎಂದ. ಅವನ ಕಣ್ಣು ಕೆಂಪಾಗಿತ್ತು.

ಆಂಟಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಿದ್ದರು.

"ಗುಡ್ಡದ ಒಳಗೆ ಹೋಗಿದ್ಯಾ?" ಎಂದರು.

"ಹೋಗಿದ್ದೆ ಆಂಟಿ. ತುಂಬಾ ಚಳಿ."

"ಸ್ವೆಟರ್?"

"ತಗೊಂಡು ಹೋಗೋದು ಮರೆತೆ" ಎಂದೆ.

ಆಂಟಿ ಬಾಟಲಿ ಕೆಳಗಿಟ್ಟು, ಮಗನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಇವಳು ಮರೆತಳಂತೆ."